ಸರೋಜಮ್ಮನ ಪ್ರಚಾರ

ಕುರ್ಚಿಗಳನ್ನು ಸಾಲಾಗಿ ಹಾಕಬೇಡಿ, ಅರ್ಧಚಂದ್ರದ ಹಾಗೆ ಹಾಕಿ, ನಡುವೆ ಓಡಾಡಲು ದಾರಿ ಬಿಡಿ ಎಂದು ಚಾಮಯ್ಯನವರು ಕೈ ಬೀಸಿ ಹೇಳುತ್ತಿದ್ದರು. ಹೇಳುತ್ತಲೇ ತಾವೂ ಎರಡು ಕುರ್ಚಿ ಎತ್ತಿ ಗೋಡೆಯ ಬದಿಗೆ ಇಟ್ಟರು. ಬಾಗಿಲ ಹತ್ತಿರ ನಿಂತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೇ ಹೊರತು ಯಾರೂ ತಡೆಯಲಿಲ್ಲ. ಆ ಅರ್ಧಚಂದ್ರದ ನಡುವೆ, ಹಸಿರು ರೇಷ್ಮೆ ಸೀರೆಯಲ್ಲಿ, ಹಣೆ ತುಂಬ ಕುಂಕುಮದಲ್ಲಿ ಮಲಗಿದ್ದವರು ಅವರ ಹೆಂಡತಿ ಸರೋಜಮ್ಮ.

ಹೊರದೇಶದ ಈ ನಗರದ ಮಾಂಟ್ ಕಿಯಾರಾ ಬಡಾವಣೆಯಲ್ಲಿ, ತಾವಿದ್ದ ಕಾಂಡೋ ಕಟ್ಟಡದ ಕೆಳಗಿನ ಸಭೆಯ ಹಾಲನ್ನು ಚಾಮಯ್ಯನವರು ಈ ಭಾನುವಾರಕ್ಕೆಂದು ತಿಂಗಳ ಮೊದಲೇ ಬುಕ್ ಮಾಡಿದ್ದರು. ಇದಕ್ಕಲ್ಲ. ಕನ್ನಡ ಬಳಗದ ಅಧ್ಯಕ್ಷರಾಗಿದ್ದ ಅವರು ಅದೇ ಸ್ಥಾನಕ್ಕೆ ಮೂರನೆಯ ಸಲ ನಿಂತಿದ್ದರು. ಪ್ರಚಾರಕ್ಕೆ ಚಾಲನೆ ಕೊಡುವ ಸಭೆ ಇವತ್ತು ಸಂಜೆ ಇಲ್ಲಿ ನಡೆಯಬೇಕಿತ್ತು. ನಿನ್ನೆ ಬೆಳಿಗ್ಗೆ ಅವರು ಬಾಂಗ್ಸಾರಿನ ಕಾಫಿ ಅಂಗಡಿಯಲ್ಲಿ ಕೂತು ಸಭೆಯ ಭಾಷಣಕಾರರನ್ನು ಗೊತ್ತುಮಾಡುತ್ತಿದ್ದಾಗ, ಇತ್ತ ಸರೋಜಮ್ಮ ಅಡುಗೆಮನೆಯಲ್ಲಿ ಎದೆ ಹಿಡಿದುಕೊಂಡು ಕುಸಿದರು. ಎದುರು ಫ್ಲ್ಯಾಟಿನ ಸಿರಾಜ್ ಮತ್ತು ಜಾಹೀದಾ ಕಾರಿನಲ್ಲಿ ಹಾಕಿಕೊಂಡು ಹೋದರು. ಚಾಮಯ್ಯನವರು ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹೆಣ ಇಡಲು ಹಾಲ್ ಕೊಡುವುದಕ್ಕೆ ಕಾಂಡೋದ ಆಡಳಿತದವರು ಮೊದಲು ಕೊಸರಾಡಿದರು. ಹೇಗೂ ನಿಮ್ಮ ಹೆಸರಿಗೇ ಬುಕ್ ಆಗಿದೆಯಲ್ಲ ಎಂದು ಆಮೇಲೆ ಒಪ್ಪಿಕೊಂಡರು. 'ಮತ್ತೊಮ್ಮೆ ಚಾಮಯ್ಯ' ಎಂದು ಬರೆಸಿದ್ದ ಬ್ಯಾನರನ್ನು ಯಾರೋ ಪುಣ್ಯಾತ್ಮರು ಸುತ್ತಿ ವೇದಿಕೆಯ ಹಿಂದೆ ನಿಲ್ಲಿಸಿದ್ದರು.

ಚಾಮಯ್ಯನವರಿಗೆ ಅಳು ಬಂದಿರಲಿಲ್ಲ. ನಿನ್ನೆಯಿಂದ ಹಸಿವು, ನಿದ್ದೆ, ಸಿಟ್ಟು ಯಾವುದೂ ಬಂದಿರಲಿಲ್ಲ, ಒಳಗೆಲ್ಲ ಮರಗಟ್ಟಿತ್ತು. ತಲೆಯಲ್ಲಿ ಲೆಕ್ಕ ಮಾತ್ರ ತನ್ನ ಪಾಡಿಗೆ ತಾನು ನಡೆದಿತ್ತು. ಬಳಗದಲ್ಲಿ ಮನೆಗೊಂದು ವೋಟು. ಹೂವು ಹಿಡಿದು ಒಳಗೆ ಬಂದವರನ್ನು ಕಂಡ ಕೂಡಲೇ ಇದು ನಮ್ಮ ಮನೆ, ಇದು ಆ ಕಡೆಯ ಮನೆ, ಇವರನ್ನು ಇನ್ನೊಂದು ಸಲ ಮಾತಾಡಿಸಬೇಕು ಎಂದು ಮನಸ್ಸು ಗುರುತು ಹಾಕಿಕೊಳ್ಳುತ್ತಿತ್ತು. ತಮ್ಮ ಬಗ್ಗೆ ತಮಗೇ ಹೇಸಿಗೆಯಾಯಿತು. ಆದರೂ ಅದು ನಿಲ್ಲಲಿಲ್ಲ.

ಎದುರಾಳಿ ಭವ್ಯಶ್ರೀ ಗಂಡನೊಂದಿಗೆ ಬಂದಳು. ಇನ್ನೂ ನಲವತ್ತು ದಾಟದ ಹುಡುಗಿ. ಸರೋಜಮ್ಮನ ಕಾಲು ಮುಟ್ಟಿ, ಕೆನ್ನೆಗೆ ಅರಿಶಿನ ಹಚ್ಚಿ, ಬಿಕ್ಕಿ ಬಿಕ್ಕಿ ಅತ್ತಳು. ಇಷ್ಟೊಂದು ಅಳುವುದಕ್ಕೆ ಇವಳಿಗೇನಾಗಿದೆ ಎಂದು ಚಾಮಯ್ಯನವರಿಗೆ ಅನ್ನಿಸಿತು. ಮುತ್ತೈದೆಯಾಗಿ ಹೋದಳು, ಪುಣ್ಯವಂತೆ ಎಂದು ಹೆಂಗಸರು ಮಾತಾಡಿಕೊಂಡರು.

ಪ್ರಚಾರದ ಉಸ್ತುವಾರಿ ಹೊತ್ತಿದ್ದ ಶರಣ್ ಮೆಲ್ಲಗೆ ಪಕ್ಕಕ್ಕೆ ಬಂದು ನಿಂತ. ಸಂಜೆಯ ಸಭೆ ರದ್ದು ಮಾಡುವುದು ಬೇಡ, ಅದನ್ನೇ ಶ್ರದ್ಧಾಂಜಲಿ ಸಭೆ ಮಾಡೋಣ, ಹೇಗೂ ಜನ ಬಂದೇ ಬರುತ್ತಾರೆ ಎಂದ. ಹೆಸರು ವಾಪಸು ಪಡೆಯುವ ಗಡುವು ಎಂದೋ ಮುಗಿದಿದೆ, ಮುಂದಿನ ಭಾನುವಾರ ಮತದಾನ ಎಂದೂ ನೆನಪಿಸಿದ.

"ತಪ್ಪು ತಿಳ್ಕೋಬೇಡಿ ಸರ್. ಈ ಎಲೆಕ್ಷನ್‌ಗೆ ಆಂಟಿಯಷ್ಟು ಕೆಲಸ ಯಾರೂ ಮಾಡಿಲ್ಲ. ಅವ್ರಿಗೋಸ್ಕರನಾದ್ರೂ ನಾವು ಗೆಲ್ಬೇಕು."

ಚಾಮಯ್ಯನವರು ತಲೆಯಾಡಿಸಿದರು.

*

ಶರಣ್ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆರು ವರ್ಷದ ಹಿಂದೆ ಮೊದಲ ಸಲ ಗೆದ್ದಾಗ ಚಾಮಯ್ಯನವರು ತಮ್ಮ ಭಾಷಣದಿಂದ ಗೆದ್ದೆ ಎಂದೇ ನಂಬಿದ್ದರು. ಭಾಷಣ ಮುಗಿಯುವುದನ್ನೇ ಕಾಯುತ್ತ ಜನ ಊಟದ ಕಡೆ ನೋಡುತ್ತಿದ್ದದ್ದು ಅವರಿಗೆ ಕಾಣಲಿಲ್ಲ. ನಿಜವಾಗಿ ಗೆಲ್ಲಿಸಿದ್ದು ಸರೋಜಮ್ಮನ ಫೋನು. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಬಾಲ್ಕನಿಯಲ್ಲಿ ಕೂತರೆಂದರೆ ಒಂದೊಂದೇ ಮನೆಗೆ ಮಾಡುತ್ತಿದ್ದರು. ಮಗುವಿನ ಜ್ವರ ಇಳಿಯಿತೇ, ಊರಿಂದ ಅತ್ತೆ ಬಂದರೇ, ಕಳಿಸಿದ ಸಾರಿನ ಪುಡಿ ಖಾರವಾಯಿತೇ ಎಂದೆಲ್ಲ ವಿಚಾರಿಸಿ, ಇಡುವ ಮುಂಚೆ, ನಮ್ಮೋರು ನಿಂತಿದಾರೆ, ಮರೀಬೇಡಿ ಎನ್ನುತ್ತಿದ್ದರು. ಅಷ್ಟೇ ಅವರ ಪ್ರಚಾರ.

ಈ ಸಲವೂ ಎರಡು ವಾರದಿಂದ ಆ ಕೆಲಸ ನಡೆದಿತ್ತು. ಮೊನ್ನೆ ಗುರುವಾರ ಬಳಗದ ಮೀಟಿಂಗ್ ಮುಗಿಸಿ ಚಾಮಯ್ಯನವರು ಮನೆಗೆ ಬಂದಾಗ ಸರೋಜಮ್ಮ ಆಗಷ್ಟೇ ಫೋನ್ ಇಟ್ಟಿದ್ದರು. ಎಲ್ಲಿಯವರೆಗೆ ಬಂತು ನಿನ್ನ ಕೆಲಸ ಎಂದು ಇವರು ಕೇಳಿದರು.

"ಮುಗೀತಾ ಬಂತು."

"ಏನಂತಾರೆ ಜನ?"

"ಮೊದಲು ಹಿಂದೆಮುಂದೆ ನೋಡ್ತಾರೆ. ಆಮೇಲೆ ಒಪ್ಕೋತಾರೆ," ಎಂದು ಹೇಳಿ ಸರೋಜಮ್ಮ ಹುಳಿಗೆ ಒಗ್ಗರಣೆ ಹಾಕಲು ಎದ್ದುಹೋದರು. ಚಾಮಯ್ಯನವರು ಖುಷಿಯಾಗಿ ಆ ಸುದ್ದಿಯನ್ನು ಶರಣ್‌ಗೆ ಮೆಸೇಜ್ ಮಾಡಿದರು. ಮೆಸೇಜಿನ ಬೆನ್ನಿಗೆ ಮಾತು ಬೆಳೆದು, ಬಡಿಸಿದ ಹುಳಿ ತಣ್ಣಗಾಯಿತು.

*

ಚಿತಾಗಾರದಲ್ಲಿ ತಮಿಳು ಪುರೋಹಿತರು ಹೇಳಿದ್ದನ್ನೆಲ್ಲ ಚಾಮಯ್ಯನವರು ತಪ್ಪಿಲ್ಲದೆ ಮಾಡಿದರು. ಬಾಯಿಗೆ ಅಕ್ಕಿ ಹಾಕಿದರು, ನೀರಿನ ಮಡಕೆ ಹೊತ್ತು ಸುತ್ತು ಬಂದರು. ವಿದ್ಯುತ್ ಒಲೆಯ ಬಾಗಿಲು ಮುಚ್ಚಿಕೊಂಡಾಗ ಸುದ್ದಿ ತಿಳಿದು ರಾತ್ರಿಯೇ ಬಂದಿಳಿದಿದ್ದ ಮಗಳು ಅಕ್ಷಯಾ ಅವರ ತೋಳು ಹಿಡಿದುಕೊಂಡು ಅತ್ತಳು. ಅವಳ ಬೆನ್ನು ಸವರುತ್ತ ಅವರು, ಜನರನ್ನು ಕರೆತಂದ ಹಿಂದಿನ ಬಸ್ಸಿನವರಿಗೆ ನೀರಿನ ಬಾಟಲಿ ಸಿಕ್ಕಿತೋ ಇಲ್ಲವೋ ಎಂದು ಯೋಚಿಸುತ್ತಿದ್ದರು.

ಹೊರಗೆ ನಲ್ಲಿಯಲ್ಲಿ ಕೈಕಾಲು ತೊಳೆಯುವಾಗ ಮಹಿತ್ ಹತ್ತಿರ ಬಂದ. ಎರಡು ವರ್ಷದ ಹಿಂದೆ ಮೈಸೂರಿನಿಂದ ಕೆಲಸಕ್ಕೆ ಬಂದವನು. ಹೋದ ವರ್ಷ ಅವನ ಹೆಂಡತಿಗೆ ಹೆರಿಗೆಯಾದಾಗ ಊರಿಂದ ಯಾರಿಗೂ ಬರಲಾಗದೆ, ಸರೋಜಮ್ಮನೇ ದಿನಾ ಹೋಗಿ ಬಾಣಂತನ ಮಾಡಿದ್ದರು. ಅದನ್ನೆಲ್ಲ ಹೇಳುತ್ತ ಹುಡುಗ ಕಣ್ಣೊರೆಸಿಕೊಂಡ.

"ಆಂಟಿ ನಮ್ಮಿಂದ ಕೇಳಿದ್ದು ಇದೊಂದೇ ಅಂಕಲ್. ನಾವು ಮಾತು ತಪ್ಪಲ್ಲ."

ಚಾಮಯ್ಯನವರ ಕೈ ತಾನಾಗಿ ಎದ್ದು ಅವನ ಭುಜ ತಟ್ಟಿತು. "ಗೊತ್ತು ಕಣಪ್ಪ. ನಿಮ್ಮಂಥೋರ ಬೆಂಬಲ ಇದ್ರೆ ಸಾಕು."

"ಖಂಡಿತ ಅಂಕಲ್. ನಮ್ಮ ಮನೆ ವೋಟು ಭವ್ಯಶ್ರೀ ಮೇಡಂಗೇ."

ಚಾಮಯ್ಯನವರು ನಲ್ಲಿ ನಿಲ್ಲಿಸುವುದನ್ನು ಮರೆತರು. ಅವರ ಮುಖ ನೋಡಿ ಹುಡುಗ ಗಾಬರಿಬಿದ್ದ. ಹೆಸರು ವಾಪಸು ತಗೊಳ್ಳುವ ಹಾಗಿಲ್ಲ, ಅದಕ್ಕೇ ನೀವೆಲ್ಲ ಸೇರಿ ಸೋಲಿಸಿಬಿಡಿ ಎಂದು ಆಂಟಿ ಹೇಳಿದ್ದರು, ನಿಮಗೂ ಸಾಕಾಗಿದೆ, ಇಬ್ಬರೂ ಮಾತಾಡಿಕೊಂಡೇ ಹೇಳುತ್ತಿದ್ದೀರಿ ಎಂದುಕೊಂಡಿದ್ದೆವು ಎಂದು ತಡವರಿಸಿದ. ಕೊನೆಗೆ ಸಾರಿ ಅಂಕಲ್ ಎಂದು ಹಿಂದಕ್ಕೆ ಸರಿದ.

ವಾಪಸು ಬರುವಾಗ ದಾರಿಯುದ್ದಕ್ಕೂ ಅವರು ಬೆಳಗಿನಿಂದ ಬಂದವರ ಮುಖಗಳನ್ನು ಒಂದೊಂದಾಗಿ ನೆನೆದುಕೊಂಡರು. ತಮ್ಮವು ಎಂದುಕೊಂಡಿದ್ದ ಮನೆಗಳಲ್ಲಿ ಯಾರೊಬ್ಬರೂ ತಮ್ಮನ್ನು ನೆಟ್ಟಗೆ ನೋಡಿರಲಿಲ್ಲ. ದುಃಖಕ್ಕೆ ಎಂದುಕೊಂಡಿದ್ದರು.

*

ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಜಾಹೀದಾ ತಮ್ಮ ಮನೆಯಲ್ಲಿ ಅನ್ನ, ತಿಳಿಸಾರು ಮಾಡಿ ತಂದಿದ್ದರು. ಚಾಮಯ್ಯನವರು ಸ್ನಾನ ಮುಗಿಸಿ ಬಂದು ಮೇಜಿನ ಮುಂದೆ ಕೂತರು. ಅಪ್ಪಾ, ಪ್ಲೀಸ್ ಈಟ್ ಸಮ್‌ಥಿಂಗ್ ಎಂದು ಅಕ್ಷಯಾ ತಟ್ಟೆ ಹತ್ತಿರ ತಳ್ಳಿ ತಾನು ಸ್ನಾನಕ್ಕೆ ಹೋದಳು. ಸಾರು ಬಡಿಸುತ್ತಿದ್ದ ಜಾಹೀದಾರನ್ನು ಚಾಮಯ್ಯನವರು ಸುತ್ತುಬಳಸಿಲ್ಲದೆ ಕೇಳಿದರು.

"ಅವಳು ನನ್ನನ್ನ ಸೋಲ್ಸಿ ಅಂತ ಹೇಳ್ತಿದ್ದಿದ್ದು ನಿಮಗೂ ಗೊತ್ತಿತ್ತಾ?"

ಜಾಹೀದಾ ಸೌಟನ್ನು ಪಾತ್ರೆಗೆ ಇಟ್ಟರು. ಹತ್ತು ವರ್ಷ ಎದುರುಬದುರು ಬಾಳಿದ ಹುಬ್ಬಳ್ಳಿಯ ಹೆಂಗಸು, ಸುಳ್ಳು ಹೇಳಿ ರೂಢಿಯಿರಲಿಲ್ಲ.

"ಗೊತ್ತಿತ್ರಿ ಅಣ್ಣಾರ. ಮೊದ್ಲು ನಮ್ಮ ಮನೀಗೇ ಹೇಳಿದ್ರು."

"ನಾನೇನು ಅಷ್ಟು ಕೆಟ್ಟದಾಗಿ ನಡೆಸ್ತಿದ್ನಾ?"

"ಛಲೋನೇ ನಡಸ್ತಿದ್ರಿ. ಅಕ್ಕಾರು ಅದಕ್ಕೇನೂ ಅಂದಿಲ್ಲ. ಭಾನುವಾರ ಇಬ್ರೂ ಕೂತು ಒಂದು ಊಟ ಮಾಡಿ ಆರು ವರ್ಷ ಆತು ಅಂತಿದ್ರು. ಇನ್ನೊಮ್ಮೆ ಗೆದ್ರ ಇನ್ನ ಮೂರು ವರ್ಷ ಅಂತಿದ್ರು. ನೀವು ಮನ್ಯಾಗ ಇರಬೇಕು ಅಂತ, ಅಷ್ಟ."

"ನನಗೇ ಹೇಳಬಹುದಿತ್ತಲ್ಲ."

"ಹೇಳಿದ್ರಂತ್ರಿ. ಮೂರು ಸಲ ಹೇಳಿದ್ರಂತ. ನೀವು ಫೋನಿನ್ಯಾಗ ಇದ್ರಂತ."

ಆ ಮೂರರಲ್ಲಿ ಒಂದಾದರೂ ನೆನಪಿಗೆ ಬರುತ್ತದೆಯೇ ಎಂದು ಚಾಮಯ್ಯನವರು ಹುಡುಕಿದರು. ಯಾವ ದಿನ, ಯಾವ ಹೊತ್ತು, ಅವಳು ನಿಂತಿದ್ದಳೋ ಕೂತಿದ್ದಳೋ, ಒಂದೂ ಬರಲಿಲ್ಲ. ಬಳಗದ ಹದಿನೆಂಟು ಕಾರ್ಯಕ್ರಮಗಳ ಅತಿಥಿಗಳ ಹೆಸರು ಮಾತ್ರ ಸಾಲಾಗಿ ನೆನಪಿದ್ದವು. ನಿನ್ನೆಯಿಂದ ಮೊದಲ ಬಾರಿಗೆ ಅವರಿಗೆ ನೋವಾಯಿತು, ಎದೆಯಲ್ಲಿ ಅಲ್ಲ, ಹಲ್ಲು ಕಚ್ಚಿ ಹಿಡಿದಿದ್ದ ದವಡೆಯಲ್ಲಿ.

ಅನ್ನ ಕಲಸಿ ಎರಡು ತುತ್ತು ತಿಂದರು. ಆಮೇಲೆ, ಎಲ್ಲ ಮನೆಗೂ ಮಾಡಿ ಮುಗಿಸಿದ್ದಳೇ ಎಂದು ಕೇಳಿದರು. ನಗರದಾಚೆ ನಿಲಾಯ್ ಪಟ್ಟಣದ ಕಡೆಯ ಕೆಲವು ಮನೆ ಉಳಿದಿದ್ದವು, ಶನಿವಾರ ಮಾಡುತ್ತೇನೆ ಎಂದಿದ್ದರು ಎಂದರು ಜಾಹೀದಾ. ನಿಲಾಯ್‌ನವರು ಯಾವತ್ತೂ ಒಟ್ಟಾಗಿ ವೋಟು ಹಾಕುವವರು. ಅವರು ವಾಲಿದ ಕಡೆಗೇ ಗೆಲುವು. ಅದು ಸರೋಜಮ್ಮನಿಗೂ ಗೊತ್ತಿತ್ತು.

ಕೆಳಗೆ ಜನ ಸೇರುತ್ತಿದ್ದರು. ಚಾಮಯ್ಯನವರು ಕೈ ತೊಳೆದು, ಫೋನ್ ತೆಗೆದುಕೊಂಡು ಬಾಲ್ಕನಿಗೆ ಹೋದರು. ನಿಲಾಯ್‌ನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಮುಯೀನ್ ಮೊದಲ ರಿಂಗಿಗೇ ಎತ್ತಿದ. ಬೆಳಿಗ್ಗೆ ಬರಲಾಗಲಿಲ್ಲ, ಪರೀಕ್ಷೆಯ ಡ್ಯೂಟಿ ಇತ್ತು, ಈಗ ಎಲ್ಲರೂ ಹೊರಡುತ್ತಿದ್ದೇವೆ ಎಂದ.

"ವೋಟಿನ ಯೋಚನೆ ನೀವು ಮಾಡ್ಲೇಬೇಡಿ ಸರ್. ನಮ್ಮ ಕಡೆಯವ್ರೆಲ್ಲ ನಿಮ್ಮ ಹಿಂದೆನೇ ಇದೀವಿ."

"ಅದಕ್ಕೇ ಫೋನ್ ಮಾಡ್ದೆ ಮುಯೀನ್. ಸರೋಜ ನಿಮಗೆ ಒಂದು ಮಾತು ಹೇಳ್ಬೇಕು ಅಂತಿದ್ಲು. ಅಷ್ಟರಲ್ಲಿ ಹೀಗಾಯ್ತು. ಅವಳ ಪರವಾಗಿ ನಾನು ಕೇಳ್ತಿದೀನಿ."

ಗಾಜಿನ ಬಾಗಿಲು ಸರಿಸಿ ಶರಣ್ ತಲೆ ಹಾಕಿದ. ಹಾಲ್ ತುಂಬಿದೆ, ನೀವು ಬಂದು ಎರಡು ಮಾತಾಡಿದರೆ ಸಾಕು ಎಂದ. ಚಾಮಯ್ಯನವರು ಫೋನಿಗೆ ಅಂಗೈ ಅಡ್ಡ ಹಿಡಿದು, ಬಂದೆ, ನೀನು ನಡಿ ಎಂದು ಕಣ್ಣಲ್ಲೇ ಹೇಳಿದರು. ಅವನು ಹೋಗುವವರೆಗೆ ಕಾದು, ಬಾಗಿಲು ಎಳೆದುಕೊಂಡರು.

"ವೋಟು ಭವ್ಯಶ್ರೀಗೆ ಹಾಕಿ. ನನ್ನನ್ನ ಮನೇಲಿ ಇರೋಕೆ ಬಿಡಿ."

ಇನ್ನು ಮನೆಯಲ್ಲಿದ್ದು ಒಬ್ಬರೇ ಏನು ಮಾಡುತ್ತೀರಿ ಸರ್ ಎಂದು ಮುಯೀನ್ ಮೆಲ್ಲಗೆ ಕೇಳಿದ. ಗೊತ್ತಿಲ್ಲ ಕಣಯ್ಯ, ಅವಳು ಕೇಳಿದ್ದು ಅಷ್ಟು, ನಡೆಸಿಕೊಡಿ ಎಂದು ಚಾಮಯ್ಯನವರು ಫೋನ್ ಇಟ್ಟರು.

ಮೂರು ಮಹಡಿ ಕೆಳಗಿನ ಹಾಲಿನಿಂದ ಮೈಕಿನ ದನಿ ಮೇಲೆ ಬಂತು. ನಮ್ಮೆಲ್ಲರ ಮೆಚ್ಚಿನ ಅಧ್ಯಕ್ಷರು ಈಗ ಎಂದು ಶರಣ್ ಅವರ ಹೆಸರು ಕೂಗುತ್ತಿದ್ದ. ಚಾಮಯ್ಯನವರು ಒಂದು ಕಿವಿಯನ್ನು ಕೈಯಿಂದ ಮುಚ್ಚಿಕೊಂಡು, ಇನ್ನೊಂದು ಕಿವಿಗೆ ಫೋನ್ ಒತ್ತಿ ಹಿಡಿದು, ನಿಲಾಯ್‌ನ ಮುಂದಿನ ಮನೆಯವರು ಎತ್ತುವುದನ್ನು ಕಾಯುತ್ತ ನಿಂತರು.