ನೋಡಲು ಬಂದವರ ಬ್ರೆಡ್ಡು

"ಚಪ್ಪಲಿ ಬಿಟ್ಟು ಒಳಗೆ ಬಾ ಕ್ಯಾತಮ್ಮ."

ಕ್ಯಾತಮ್ಮ ಚಪ್ಪಲಿ ಬಿಟ್ಟಳು. ಒಳಗೆ ಮಾತ್ರ ಹೋಗಲಿಲ್ಲ. ಗಿಣ್ಣು ಹಾಲಿನ ಕ್ಯಾನನ್ನು ಜಗಲಿಯ ಮೇಲಿಟ್ಟು, ಕಂಕುಳಲ್ಲಿದ್ದ ಬ್ರೆಡ್ಡಿನ ಪೊಟ್ಟಣವನ್ನು ಕೈಚಾಚಿ ಹೊಸಿಲಿನಾಚೆ ಇಟ್ಟು, ತನ್ನ ಕಂಬಕ್ಕೆ ಒರಗಿ ಕೂತಳು. ತನ್ನ ಕಂಬ ಎನ್ನಲು ಅಡ್ಡಿಯಿಲ್ಲ. ಇಪ್ಪತ್ತಾರು ವರ್ಷದಿಂದ ಗೊಲ್ಲರ ಹಟ್ಟಿಯಿಂದ ಬಂದು ಪುರವರದ ಕೇರಿಯ ಈ ಮನೆಗೆ ಅವಳು ಹಾಲು ಹಾಕುತ್ತಿದ್ದಾಳೆ, ಇಪ್ಪತ್ತಾರು ವರ್ಷದಿಂದ ಅಲ್ಲೇ ಕೂರುತ್ತಿದ್ದಾಳೆ. ಸುಣ್ಣದ ಮೇಲೆ ಅವಳ ಬೆನ್ನಿನ ಗುರುತು ಕೂಡ ಬಿದ್ದಿದೆ.

ಒಳಗೆ ಬೆತ್ತದ ಕುರ್ಚಿಯಲ್ಲಿ ಗಂಗಾಂಬಿಕಾ ಕಾಲು ನೀಡಿಕೊಂಡು ಕೂತಿದ್ದರು. ಸುತ್ತಲಿನ ಹತ್ತು ಹಳ್ಳಿಗೆ ಅವರು ನರ್ಸಮ್ಮ. ರಿಟೈರಾಗಿ ಎರಡು ವರ್ಷವಾಯಿತು, ಹೊಟ್ಟೆಯ ಆಪರೇಷನ್ ಆಗಿ ಹನ್ನೆರಡು ದಿನ. ಗಂಡ ಓಬಳಯ್ಯ ಮೇಷ್ಟ್ರು ಮಾತ್ರೆ ತರಲು ಮಧುಗಿರಿಗೆ ಹೋಗಿದ್ದರು. ನರ್ಸಮ್ಮನ ಕೈಗಳು ಎಷ್ಟು ಸಣ್ಣಗಾಗಿದ್ದವೆಂದರೆ, ಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು.

"ನೀನೂ ಬ್ರೆಡ್ಡೇ ತಂದ್ಯಾ?" ಎಂದರು ನರ್ಸಮ್ಮ. "ನೋಡಲ್ಲಿ, ಮೇಜಿನ ಮೇಲೆ. ಬೇಕರಿ ಇಟ್ಕೋಬೋದು ನಾನು."

ಮೇಜಿನ ಮೇಲೆ ಏಳು ಪೊಟ್ಟಣಗಳಿದ್ದವು. ಎರಡರ ಬಾಯಿ ಬಿಚ್ಚಿ, ಒಳಗಿನ ಚೂರುಗಳು ಒಣಗಿ ಅಂಚು ಮೇಲೆದ್ದಿತ್ತು. ನಮ್ಮ ಕಡೆ ಗಟ್ಟಿಮುಟ್ಟಾಗಿರುವವರು ಬ್ರೆಡ್ಡು ತಿನ್ನುವುದಿಲ್ಲ. ಅದನ್ನು ತಿನ್ನಲು ಒಂದೋ ಜ್ವರ ಬರಬೇಕು, ಇಲ್ಲವೇ ಆಸ್ಪತ್ರೆ ಸೇರಬೇಕು. ಹುಷಾರಿಲ್ಲದವರನ್ನು ನೋಡಲು ಹೋಗುವವರು ಬಸ್‌ಸ್ಟಾಂಡಿನ ಬೇಕರಿಗೆ ನುಗ್ಗಿ ಕಣ್ಣುಮುಚ್ಚಿ ಒಂದು ಪೌಂಡು ಬ್ರೆಡ್ಡು ತೆಗೆದುಕೊಳ್ಳುತ್ತಾರೆ. ಅದಕ್ಕೆ ಇನ್ನೊಂದು ಕಾರಣವೂ ಉಂಟು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ಬೇಕರಿಯ ಪೊಟ್ಟಣ ಯಾರ ಮನೆಯ ಒಲೆಯನ್ನೂ ಕಂಡದ್ದಲ್ಲ. ಆದ್ದರಿಂದ ಹಟ್ಟಿಯಿಂದ ಕೇರಿಗೆ, ಕೇರಿಯಿಂದ ಊರಿಗೆ ಯಾರ ಕೈಯಿಂದ ಯಾರ ಕೈಗಾದರೂ ಹೋಗಬಹುದು.

"ಏನಾರ ತಿಂದ್ರಾ ಬೆಳಿಗ್ಗೆ?" ಕೇಳಿದಳು ಕ್ಯಾತಮ್ಮ.

"ಗಂಟಲಲ್ಲಿ ಇಳಿಯಲ್ಲ ಕಣೇ. ಬಾಯೆಲ್ಲ ಸಪ್ಪೆ. ಇನ್ನೂ ಹಿಂಗೇ ತಿನ್ನದಿದ್ರೆ ಮತ್ತೆ ಅಡ್ಮಿಟ್ ಮಾಡ್ಕೊಂಡು ಡ್ರಿಪ್ ಹಾಕ್ತೀನಿ ಅಂದವ್ರೆ ಡಾಕ್ಟ್ರು. ಮೇಷ್ಟ್ರು ಪಾಪ ನಿನ್ನೆ ಉಪ್ಪಿಟ್ಟು ಮಾಡಿದ್ರು. ಗೋಡೆಗೆ ಮೆತ್ತೋಂಗಿತ್ತು." ನಗಲು ಹೋಗಿ, ಹೊಲಿಗೆ ಎಳೆದು, ಹೊಟ್ಟೆ ಹಿಡಿದುಕೊಂಡರು. "ನಾನು ಟ್ರೈನಿಂಗಲ್ಲಿದ್ದಾಗ ಮಿಷನ್ ಆಸ್ಪತ್ರೇಲಿ ಮ್ಯಾಟ್ರನ್ ಅಮ್ಮ ಒಬ್ರಿದ್ರು. ಪೇಷೆಂಟುಗಳು ಬಿಟ್ಟ ಬ್ರೆಡ್ಡನ್ನೆಲ್ಲ ಕೂಡಿಟ್ಟು ಶನಿವಾರ ಪುಡ್ಡಿಂಗ್ ಮಾಡೋರು. ಬಾಣಲೆಗೆ ಮರಳು, ಅದರ ಮೇಲೆ ಡಬರಿ, ಮುಚ್ಚಳದ ಮೇಲೆ ಕೆಂಡ. ಮೂರು ದಿನದಿಂದ ಅದೇ ಜ್ಞಾಪಕ ಬರ್ತೈತೆ. ಅದೊಂದು ಚೂರು ಸಿಕ್ಕಿದ್ರೆ ತಿಂತಿದ್ನೇನೋ."

ಅಷ್ಟು ಹೇಳಿ ಅವರು ಕಿಟಕಿಯ ಕಡೆ ತಿರುಗಿದರು. ಮಾಡಿಕೊಡು ಎನ್ನಲಿಲ್ಲ. ಏಕೆ ಎನ್ನಲಿಲ್ಲ ಎಂಬುದು ಈ ಲೋಕದಲ್ಲಿ ಗೊತ್ತಿದ್ದವಳು ಕ್ಯಾತಮ್ಮ ಒಬ್ಬಳೇ.

ಇಪ್ಪತ್ತಾರು ವರ್ಷದ ಹಿಂದೆ ಕ್ಯಾತಮ್ಮನ ಮಗಳು ಲಾವಣ್ಯ ಹುಟ್ಟಿದ್ದು ಹಟ್ಟಿಯ ಹೊರಗೆ, ಕಳ್ಳಿಬೇಲಿಯ ಪಕ್ಕದ ಗುಡ್ಲಿನಲ್ಲಿ. ಹಟ್ಟಿಯೊಳಗೆ ದೇವರಿದೆ, ಹೆರಿಗೆಯ ಸೂತಕ ಒಳಗೆ ಆಗದು. ಮನೆಯವರು ಯಾರೂ ಮುಟ್ಟುವಂತಿಲ್ಲ. ಬಗ್ಗಿ ಆ ಗುಡ್ಲಿನೊಳಗೆ ತೂರಿದವರು ನರ್ಸಮ್ಮ. ಹೊಕ್ಕುಳ ಬಳ್ಳಿ ಕತ್ತರಿಸಿ, ತಾಯಿ ಮಗುವನ್ನು ತೊಳೆದು ಮಲಗಿಸಿ, ಕಣ್ಣು ಕತ್ತಲೆ ಕಟ್ಟುತ್ತಿದೆ ಅಂದ ಕ್ಯಾತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ತಮ್ಮ ಫ್ಲಾಸ್ಕಿನ ಟೀಯಲ್ಲಿ ಬ್ರೆಡ್ಡು ಅದ್ದಿ ಅದ್ದಿ ತಿನ್ನಿಸಿದರು. ಮಾರನೆಯ ದಿನ ಡಬ್ಬಿಯಲ್ಲಿ ಅನ್ನ ಸಾರು ತಂದರು. ಮೂರನೆಯ ದಿನವೂ ತಂದರು. ಯಾರ ಮನೆಯದು ಎಂದು ಕ್ಯಾತಮ್ಮ ಕೇಳಲಿಲ್ಲ. ಗೊತ್ತಿತ್ತು, ತಿಂದಳು.

ಐದು ತಿಂಗಳಾದ ಮೇಲೆ ಮಗುವಿಗೆ ಸೂಜಿ ಹಾಕಿಸಲು ಓರಗಿತ್ತಿ ಈರಕ್ಕನ ಜೊತೆ ಇದೇ ಮನೆಗೆ ಬಂದಿದ್ದಳು. ನರ್ಸಮ್ಮ ಖುಷಿಯಿಂದ ಟೀ ಲೋಟ ಮುಂದೆ ಹಿಡಿದರು. ಈರಕ್ಕ ಪಕ್ಕದಲ್ಲೇ ಕಣ್ಣರಳಿಸಿ ನೋಡುತ್ತಿದ್ದಳು. "ನಾವು ಬ್ಯಾರೆ ತಾವ ಕುಡಿಯಾಕಿಲ್ಲ ಕಣಮ್ಮ" ಅಂದುಬಿಟ್ಟಳು ಕ್ಯಾತಮ್ಮ. ನರ್ಸಮ್ಮ ಲೋಟ ಹಿಂದಕ್ಕೆ ತೆಗೆದುಕೊಂಡು, ಒಂದು ನಗೆ ನಕ್ಕು, ಟೀಯನ್ನು ತಾವೇ ಕುಡಿದು ಸೂಜಿ ಹಾಕಿದರು. ಗುಡ್ಲಿನ ವಿಷಯ ಎತ್ತಲಿಲ್ಲ. ಅವತ್ತಿಂದ ಇವತ್ತಿನವರೆಗೆ ಇನ್ನೊಂದು ಸಲ ಏನನ್ನೂ ಮುಂದೆ ಹಿಡಿಯಲಿಲ್ಲ. ಗಿಣ್ಣು ತಂದ ಪಾತ್ರೆಯನ್ನು ಬರಿದಾಗಿ ಕಳಿಸಬಾರದಲ್ಲ, ಅದಕ್ಕೆ ಒಂದಚ್ಚು ಬೆಲ್ಲವೋ, ಹಿಡಿ ಅಕ್ಕಿಯೋ ಹಾಕಿ ಕಳಿಸುವರು. ಬೇಯಿಸಿದ್ದನ್ನು ಎಂದೂ ಹಾಕಿದವರಲ್ಲ. ಬೈದಿದ್ದರೆ ಕ್ಯಾತಮ್ಮ ಅವತ್ತೇ ಮರೆಯುತ್ತಿದ್ದಳೋ ಏನೋ.

ಈಗ ಆ ಜಾರುವ ಬಳೆಗಳನ್ನು ನೋಡುತ್ತ ಅವಳಿಗೆ ಭಯವಾಯಿತು. ಇವರು ಹೀಗೇ ಹೋಗಿಬಿಟ್ಟರೆ? ಆ ಟೀ ಲೋಟ ತನ್ನ ಲೆಕ್ಕದಲ್ಲಿ ಹಾಗೇ ಉಳಿದುಬಿಟ್ಟರೆ?

ಎದ್ದು ಹೊಸಿಲು ದಾಟಿದಳು.

"ಎಲ್ಲೈತೆ ಡಬರಿ?"

ನರ್ಸಮ್ಮ ತಿರುಗಿ ನೋಡಿದರು. ಕ್ಯಾತಮ್ಮ ನಡುಮನೆಯಲ್ಲಿ, ಗೋಡೆಯ ಮೇಲಿನ ಬುದ್ಧ, ಅಂಬೇಡ್ಕರ್ ಪಟಗಳ ಕೆಳಗೆ, ಬೇರೆ ಊರಿಗೆ ಬಂದವಳಂತೆ ಅತ್ತಿತ್ತ ನೋಡುತ್ತ ನಿಂತಿದ್ದಳು.

"ಸುಮ್ನಿರೇ. ನಿಂಗ್ಯಾಕೆ ಆ ಉಸಾಬರಿ?"

"ಡಬರಿ ಎಲ್ಲೈತೆ ಅಂದೆ."

"ಕೆಳಗಿನ ಗೂಡಲ್ಲಿ" ಎಂದರು ನರ್ಸಮ್ಮ. ಆಮೇಲೆ ಕುರ್ಚಿಯನ್ನು ಅಡಿಗೆಮನೆಯ ಬಾಗಿಲಿಗೆ ಎಳೆಸಿಕೊಂಡು, ವಾರ್ಡಿನಲ್ಲಿ ಆಯಾಗಳಿಗೆ ಹೇಳುವಂತೆಯೇ ಹೇಳತೊಡಗಿದರು. "ಒಣಗಿರೋ ಬ್ರೆಡ್ಡೇ ತಗೋ. ಹೊಸದಾದ್ರೆ ಗಂಜಿಯಾಗ್ತದೆ. ಅಂಚು ಬಿಸಾಕಬೇಡ, ಅದೇ ರುಚಿ. ಕೈಯಲ್ಲೇ ಮುರಿ, ಚಾಕು ಬೇಡ. ಡಬರಿಗೆ ತುಪ್ಪ ಸವರು. ಆಮೇಲೆ ಮೊಟ್ಟೆ..." ಎಂದು ನಿಲ್ಲಿಸಿ ನಾಲಿಗೆ ಕಚ್ಚಿಕೊಂಡರು. "ನಿಮ್ಮ ಹಟ್ಟೀಲಿ ಕೋಳಿ ಮುಟ್ಟಲ್ಲ ಅಲ್ವಾ. ಮೊಟ್ಟೆ ಇಲ್ದೆ ಪುಡ್ಡಿಂಗ್ ಗಟ್ಟಿಯಾಗಲ್ಲ ಕಣೇ. ಹೋಗ್ಲಿ ಬುಡು."

ಕ್ಯಾತಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಗಿಣ್ಣು ಯಾಕೆ ತಂದಿವ್ನಿ ಮತ್ತೆ? ನಿನ್ನೆ ಹಸ ಕರ ಹಾಕೈತೆ, ಎರಡನೇ ದಿನದ ಹಾಲು. ದ್ಯಾವ್ರ ಮೀಸಲು ತೆಗೆದು ತಂದಿದ್ದು. ಇದು ಗಟ್ಟಿಯಾಗದಿದ್ರೆ ಇನ್ಯಾವುದು ಆದಾತು?"

ನರ್ಸಮ್ಮ ಒಂದು ಕ್ಷಣ ಬೆರಗಾಗಿ, "ಮ್ಯಾಟ್ರನ್ ಅಮ್ಮಂಗೆ ಇದು ಹೊಳೀಲೇ ಇಲ್ಲ ನೋಡು" ಎಂದರು.

ಗಿಣ್ಣಿಗೆ ಬೆಲ್ಲ ಕರಗಿಸಿ, ಏಲಕ್ಕಿ ಜಜ್ಜಿ ಹಾಕಿ, ಮುರಿದ ಬ್ರೆಡ್ಡಿನ ಮೇಲೆ ಸುರಿದಳು. ಒಣ ಚೂರುಗಳು ಹಾಲು ಹೀರಿ ಮೆಲ್ಲಗೆ ಉಬ್ಬಿದವು. ಒಂದಷ್ಟು ದ್ರಾಕ್ಷಿ ಬಿತ್ತು. ಪಕ್ಕದವರು ಮನೆ ಕಟ್ಟಲು ಹಾಕಿಸಿದ್ದ ಗುಡ್ಡೆಯಿಂದ ಎರಡು ಬೊಗಸೆ ಮರಳು ತಂದು ಬಾಣಲೆಗೆ ಸುರಿದು, ಡಬರಿಯನ್ನು ಅದರಲ್ಲಿ ಕೂರಿಸಿ ಗ್ಯಾಸ್ ಸಣ್ಣಗೆ ಹಚ್ಚಿದಳು. ಬಚ್ಚಲೊಲೆಯಲ್ಲಿ ಬೆಳಗಿನ ಕೆಂಡ ಇನ್ನೂ ಇತ್ತು, ಇಕ್ಕಳದಲ್ಲಿ ತಂದು ಮುಚ್ಚಳದ ಮೇಲೆ ಹರವಿದಳು. ಕೈ ಕೆಲಸದಲ್ಲಿರುವಾಗ ತಾನು ಎಲ್ಲಿದ್ದೇನೆಂಬುದೇ ಮರೆತುಹೋಗಿತ್ತು. ಗಮ್ಮನೆ ವಾಸನೆ ಎದ್ದಾಗ ಇಬ್ಬರೂ ಮೂಗರಳಿಸಿ ಒಬ್ಬರನ್ನೊಬ್ಬರು ನೋಡಿ ನಕ್ಕರು.

ಅಷ್ಟರಲ್ಲಿ ಜಗಲಿಯಿಂದ ದನಿ ಬಂತು. "ಏನಮ್ಮಾ, ಹೆಂಗಿದ್ದೀರಾ? ನೋಡ್ಕಂಡು ಹೋಗಾನ ಅಂತ ಬಂದೆ. ಅರೆ, ಇವು ನಮ್ ಕ್ಯಾತಿ ಚಪ್ಪಲಿ ಅಲ್ವಾ?"

ಈರಕ್ಕ. ರೇಷನ್ ಅಂಗಡಿಗೆ ಬಂದವಳು, ಅವಳ ಕೈಯಲ್ಲೂ ಒಂದು ಬ್ರೆಡ್ಡಿನ ಪೊಟ್ಟಣ. ಹಟ್ಟಿಯ ದೇವರಿಗೆ ಮೀಸಲು ಹಾಲು ಕೊಡುವ ಹಕ್ಕು ಕ್ಯಾತಮ್ಮನ ಗಂಡ ದಾಸಣ್ಣನ ಮನೆಯದು. ಕೇರಿಯ ಮನೆಯಲ್ಲಿ ತಿಂದಳೆಂಬ ಮಾತು ಪೂಜಾರಿಯ ಕಿವಿಗೆ ಬಿದ್ದರೆ ಹಕ್ಕು ಕೈಬಿಡುತ್ತದೆ. ಆಮೇಲೆ ಅದು ಹೋಗುವುದು ಈರಕ್ಕನ ಮನೆಗೇ. ಈರಕ್ಕನ ಬಾಯೋ, ಮೈಕಿಲ್ಲದೆ ನಾಲ್ಕು ಹಟ್ಟಿಗೆ ಕೇಳಿಸುವಂಥದ್ದು.

ನರ್ಸಮ್ಮ ತಕ್ಷಣ ದನಿ ತಗ್ಗಿಸಿದರು. "ಹಿತ್ತಲ ಬಾಗಿಲಿಂದ ಹೋಗ್ಬುಡು. ಕಸ ಗುಡಿಸೋಕೆ ಕರೆದಿದ್ದೆ ಅಂತೀನಿ."

ಮತ್ತೆ ಅದೇ. ಅವತ್ತು ಗುಡ್ಲಿನ ವಿಷಯ ಎತ್ತದಂತೆ, ಇವತ್ತೂ ತನ್ನನ್ನು ಮರೆಮಾಡಿ ಕಾಯುವುದು. ಕ್ಯಾತಮ್ಮನ ಕಣ್ಣು ತುಂಬಿ ಬಂತು. ಅವಳು ಕೆಂಡ ಸರಿಸಿ ಮುಚ್ಚಳ ತೆಗೆದಳು. ಮೇಲೆ ಕೆಂಪಗೆ ಕೆನೆಗಟ್ಟಿತ್ತು. ಎರಡು ಬಟ್ಟಲಿಗೆ ಬಡಿಸಿಕೊಂಡು ನಡುಮನೆಗೆ ಬಂದು, ಬಾಗಿಲಿಗೆ ನೇರವಾಗಿ, ಜಗಲಿಯಲ್ಲಿ ಕೂತ ಈರಕ್ಕನಿಗೆ ಕಾಣುವಂತೆ ನೆಲದ ಮೇಲೆ ಕೂತಳು. ಒಂದು ಬಟ್ಟಲನ್ನು ನರ್ಸಮ್ಮನ ಕೈಗೆ ಕೊಟ್ಟು, ಇನ್ನೊಂದರಿಂದ ಒಂದು ಚಮಚ ಬಾಯಿಗಿಟ್ಟುಕೊಂಡಳು. ಸುಡುತ್ತಿತ್ತು. ನುಂಗಿದಳು.

"ಏನ್ ಮಾಡ್ತಿದ್ದೀಯೇ ಕ್ಯಾತಿ!"

"ತಿಂತಿದ್ದೀನಿ ಕಣಕ್ಕ. ಇವತ್ತೇ ಮೊದ್ಲಲ್ಲ. ಲಾವಣ್ಯ ಹುಟ್ಟಿದಾಗ ಗುಡ್ಲಲ್ಲಿ ಮೂರು ದಿನ ನಾನು ತಿಂದಿದ್ದು ಈ ಮನೆ ಅನ್ನ. ಈಯಮ್ಮ ತಿನ್ನಿಸದಿದ್ರೆ ನಾನೂ ಇರ್ತಿರಲಿಲ್ಲ, ನನ್ ಮಗಳೂ ಇರ್ತಿರಲಿಲ್ಲ. ಪೂಜಾರಿಗೆ ಹೇಳಾದಿದ್ರೆ ಅದನ್ನೂ ಸೇರ್ಸಿ ಹೇಳು."

ಈರಕ್ಕ ತನ್ನ ಬ್ರೆಡ್ಡಿನ ಪೊಟ್ಟಣವನ್ನು ಹೊಸಿಲಿನಾಚೆ ತಳ್ಳಿದಳು. ನರ್ಸಮ್ಮ ತಲೆ ತಗ್ಗಿಸಿ ಬಟ್ಟಲನ್ನೇ ನೋಡುತ್ತಿದ್ದರು. ಆಮೇಲೆ ಒಂದು ಚಮಚ ತಿಂದರು. ಇನ್ನೊಂದು ತಿಂದರು. ಬಟ್ಟಲು ಬರಿದಾಯಿತು.

"ಏಲಕ್ಕಿ ಸ್ವಲ್ಪ ಜಾಸ್ತಿಯಾಯ್ತು" ಎಂದರು ಕಣ್ಣೊರೆಸಿಕೊಂಡು. "ಇನ್ನೊಂಚೂರು ಹಾಕು."

ಹೊರಡುವಾಗ ನರ್ಸಮ್ಮ ಅಭ್ಯಾಸಬಲದಿಂದ ಬೆಲ್ಲದ ಡಬ್ಬಿಗೆ ಕೈಹಾಕಿದರು. ಕ್ಯಾತಮ್ಮ ಕ್ಯಾನಿನ ಮುಚ್ಚಳ ತೆಗೆದು ಮುಂದೆ ಹಿಡಿದಳು. ನರ್ಸಮ್ಮ ಅವಳ ಮುಖ ನೋಡಿದರು. ಡಬ್ಬಿ ಬಿಟ್ಟು, ಹೊಟ್ಟೆ ಹಿಡಿದುಕೊಂಡೇ ಎದ್ದು, ಡಬರಿಯಲ್ಲಿ ಉಳಿದದ್ದನ್ನು ತಮ್ಮ ಕೈಯಾರೆ ಕ್ಯಾನಿಗೆ ತುಂಬಿದರು.

ಹಟ್ಟಿಯ ದಾರಿಯಲ್ಲಿ ಈರಕ್ಕ ಹತ್ತು ಹೆಜ್ಜೆ ಮುಂದೆ ನಡೆದಳು. ಹಿಂತಿರುಗಿ ನೋಡಲಿಲ್ಲ. ಕ್ಯಾತಮ್ಮನಿಗೆ ಹೇಳಿದ್ದಕ್ಕೆ ಪಶ್ಚಾತ್ತಾಪವಿರಲಿಲ್ಲ, ಆದರೆ ದಾಸಣ್ಣನ ಮುಖ ಹೇಗೆ ನೋಡುವುದೆಂಬ ಹೆದರಿಕೆಯಿತ್ತು. ಕಳ್ಳಿಬೇಲಿ ಬಂತು. ಗುಡ್ಲು ಈಗಿಲ್ಲ, ಅದರ ಜಾಗದಲ್ಲಿ ಸಿಮೆಂಟಿನ ಕೋಣೆ ಎದ್ದಿದೆ. ಬೇಲಿ ಮಾತ್ರ ಹಳೆಯದೇ. ಈರಕ್ಕ ಅಲ್ಲಿ ನಿಂತಳು.

"ಮೂರು ದಿನಾನೂ ನಾನು ಮುದ್ದೆ ತಂದು ಇಲ್ಲೇ ಇಟ್ಟೋಗ್ತಿದ್ದೆ ಕಣೇ."

"ಗೊತ್ತು ಕಣಕ್ಕ."

"ಬೆಳಿಗ್ಗೆ ತಟ್ಟೆ ಖಾಲಿ ಇರ್ತಿತ್ತು. ನೀನೇ ತಿಂದೆ ಅನ್ಕಂಡಿದ್ದೆ."

ಕ್ಯಾತಮ್ಮ ಬೇಲಿಯ ಕಡೆ ನೋಡಿದಳು. "ಎದ್ದು ಇಲ್ಲಿಗಂಟ ಬರಾಕೆ ಆಯ್ತಿರ್ಲಿಲ್ಲ ಕಣಕ್ಕ. ನಾಯಿ ತಿಂತಿತ್ತು. ಮಲಗಿದ್ದ ತಾವಿಂದ ಕಾಣ್ತಿತ್ತು."

ಈರಕ್ಕ ಆ ನೆಲವನ್ನೊಮ್ಮೆ ನೋಡಿದಳು. ರೇಷನ್ ಚೀಲವನ್ನು ಕ್ಯಾತಮ್ಮನ ಕೈಗೆ ಕೊಟ್ಟು, "ಇತ್ಲಾಗೆ ತಾ" ಎಂದು ಕ್ಯಾನನ್ನು ಇಸಿದುಕೊಂಡಳು. ಅದು ಇನ್ನೂ ಬಿಸಿಯಾಗಿತ್ತು. ಸೆರಗನ್ನು ಮಡಿಚಿ ಅದರ ಅಡಿಗಿಟ್ಟುಕೊಂಡು, ಕೇರಿಯ ಒಲೆಯಲ್ಲಿ ಬೆಂದದ್ದನ್ನು ಎರಡೂ ಕೈಯಲ್ಲಿ ಹಿಡಿದು, ಬೇಲಿಯ ಸಂದಿಯಿಂದ ಹಟ್ಟಿಯೊಳಗೆ ನಡೆದಳು.