ಪರದೆಯಲ್ಲಿ ಕಾಣದ ಹೊಟ್ಟೆ

ಟಕ್. ಸ್ವಲ್ಪ ಹೊತ್ತಿಗೆ ಮತ್ತೆ, ಟಕ್.

ಜೈಲಿನ ಬ್ಯಾರಕ್‌ಗೆ ಬೀಗ ಬಿದ್ದು ಎಷ್ಟೋ ಹೊತ್ತಾಗಿತ್ತು. ಶಿವಗಂಗಾ ಕಂಬಿಗೆ ಮೊಟ್ಟೆ ತಟ್ಟಿ ಒಡೆಯುತ್ತಿದ್ದಳು. ಬಸುರಿಯೆಂದು ಅವಳಿಗೊಬ್ಬಳಿಗೇ ಕೊಡುವ ಮೊಟ್ಟೆ. ಹಗಲಲ್ಲಿ ತಿಂದರೆ ಇಪ್ಪತ್ತಮೂರು ಹೆಂಗಸರ ಕಣ್ಣು ಬೀಳುತ್ತದೆಂದು ಕತ್ತಲಲ್ಲಿ ತಿನ್ನುತ್ತಿದ್ದಳು.

"ತಿನ್ನವ್ವ, ಎದರ್ಕೋಬ್ಯಾಡ," ಆನೇಕಲ್ಲಿನ ವೆಂಕಟಮ್ಮ ಮಲಗಿದಲ್ಲಿಂದಲೇ ಅಂದಳು. "ನಾನೂ ವೊಟ್ಟೆ ತುಂಬುಸ್ಕೊಂಡು ಬಂದಿದ್ರೆ ಮೊಟ್ಟೆ ಸಿಕ್ತಿತ್ತು. ಈ ವಯಸ್ನಾಗೆ ಯಾವ ನನ್ಮಗ ಬತ್ತಾನೆ?"

ಎಲ್ಲರೂ ನಕ್ಕರು. ನಾನು ಸಿಪ್ಪೆ ಸುಲಿಯುವ ಸದ್ದನ್ನು ಕೊನೆಯವರೆಗೂ ಕೇಳಿಸಿಕೊಂಡೆ.

ನನ್ನ ಹೊಟ್ಟೆಯಲ್ಲೂ ಒಂದು ಇತ್ತು. ಕಕ್ಕಸಿಗೆ ಹೋಗಲು ಟೋಕನ್ ತೋರಿಸಬೇಕೆಂಬ ನಿಯಮ ತೆಗೆಯಿರಿ ಎಂದು ಪೀಣ್ಯದ ಬಟ್ಟೆ ಕಾರ್ಖಾನೆಯ ಗೇಟಿನಲ್ಲಿ ಕೂತಿದ್ದೆವು. ಸೂಪರ್‌ವೈಸರ್ ತಲೆಗೆ ಯಾರದೋ ಕಲ್ಲು ಬಿತ್ತು, ಕೇಸು ನನ್ನ ಮೇಲೆ ಬಿತ್ತು. ಆಗ ನನಗೆ ಎರಡೂವರೆ ತಿಂಗಳು ತುಂಬಿತ್ತು. ಠಾಣೆಯ ಬೆಂಚಿನ ಮೇಲೆ ರಕ್ತ ಹೋಗತೊಡಗಿದಾಗ, "ಮೇಡಂ, ಆಸ್ಪತ್ರೆಗೆ ಕಳಿಸಿ," ಎಂದೆ.

"ಮುಟ್ಟಾದ್ರೆಲ್ಲ ಆಸ್ಪತ್ರೆನಾ? ನಾಟಕ ಆಡ್ಬೇಡ್ವೇ ಮುಂಡೆ. ಬೆಂಚ್ ಒರಸು," ಎಂದಳು ಪೇದೆ.

ಒರೆಸಿದೆ. ಮರುದಿನ ಜೈಲಿನ ಡಾಕ್ಟರು "ಪ್ರೆಗ್ನೆಂಟಾ?" ಎಂದು ಕೇಳಿದರು. ಇಲ್ಲ ಎಂದೆ. ಆ ಹೊತ್ತಿಗೆ ಅದು ನಿಜವೇ ಆಗಿತ್ತು.

ಡಿಗ್ರಿ ಓದಿದವಳೆಂದು ಬ್ಯಾರಕ್‌ನವರ ಅರ್ಜಿಗಳನ್ನೆಲ್ಲ ನಾನೇ ಬರೆಯುತ್ತೇನೆ. ಶಿವಗಂಗಾ ಯಾದಗಿರಿ ಕಡೆಯವಳು. ವೈಟ್‌ಫೀಲ್ಡಿನ ಫ್ಲಾಟೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಬಳೆ ಕದ್ದಳೆಂದು ಹಿಡಿಸಿದ್ದರು. ಒಂದು ದಿನ ಆಫೀಸಿನ ಗೋಡೆಗೆ ಅಂಟಿಸಿದ್ದ ಹಾಳೆ ತೋರಿಸಿ ಕೇಳಿದಳು.

"ಅಕ್ಕಾರ, ಅದ್ರಾಗ ಏನ್ ಬರದಾರ್ರೀ?"

ಹೆರಿಗೆ ಆದಷ್ಟೂ ಹೊರಗಿನ ಆಸ್ಪತ್ರೆಯಲ್ಲಾಗಬೇಕು, ಮಗುವಿನ ಜನನ ಪತ್ರದಲ್ಲಿ ಜೈಲಿನ ಹೆಸರು ಬರಕೂಡದು, ಬಸುರಿಗೆ ಜಾಮೀನು ಕೇಳುವ ಅವಕಾಶವಿದೆ ಎಂದೆಲ್ಲ ಅದರಲ್ಲಿತ್ತು.

"ಬ್ಯಾರಕ್‌ಗೆ ಬೀಗ ಹಾಕೋ ಟೈಮು ಬರ್ದಿದಾರೆ, ಅಷ್ಟೆ," ಎಂದೆ.

ಅದೇ ಸಂಜೆ ಅವಳ ಜಾಮೀನು ಅರ್ಜಿ ಬರೆದೆ. ಗಂಡನ ಹೆಸರು, ಊರು, ತಪ್ಪು ಮಾಡಿಲ್ಲವೆಂಬ ಮಾತು, ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದೆ. ಅವಳು ಎದುರಿಗೇ ಕೂತು ಹಾಲು ಕುಡಿಯುತ್ತಿದ್ದಳು. ಮೇಲ್ತುಟಿಗೆ ಕೆನೆ ಅಂಟಿತ್ತು. ಹೊಟ್ಟೆಯ ಸಂಗತಿಯನ್ನು ನಾನು ಬರೆಯಲಿಲ್ಲ. ಅವಳು ಹೆಬ್ಬೆಟ್ಟು ಒತ್ತಿದಳು.

ವಿಚಾರಣೆ ಜೈಲಿನೊಳಗೇ, ಕಂಪ್ಯೂಟರಿನಲ್ಲಿ. ಅರ್ಜಿ ಬರೆದವಳೆಂದು ಅವಳ ಜೊತೆ ನನ್ನನ್ನೂ ಕರೆದರು.

"ನೆಟ್ಟಗೆ ಕೂತ್ಕೊಳೇ," ಎಂದಳು ವಾರ್ಡರ್ ರಾಮಮ್ಮ. "ಜಡ್ಜ್ ಸಾಹೇಬ್ರಿಗೆ ಮುಖ ಕಾಣ್ಬೇಕು, ಅಷ್ಟೆ. ಬಾಯಿ ಬಿಟ್ರೆ ನೋಡು."

ಪರದೆಯ ಮೂಲೆಯಲ್ಲಿ ಶಿವಗಂಗಾ ಕೊರಳವರೆಗೆ ಮಾತ್ರ ಇದ್ದಳು. ಕೋರ್ಟಿನಲ್ಲಿದ್ದ ಪುಕ್ಕಟೆ ವಕೀಲರು ಅವಳನ್ನು ಒಮ್ಮೆಯೂ ಕಂಡವರಲ್ಲ. ನನ್ನ ಹಾಳೆಯನ್ನೇ ಓದಿದರು. ಎರಡು ನಿಮಿಷವೂ ಹಿಡಿಯಲಿಲ್ಲ. ಅರ್ಜಿ ವಜಾ. ಕೇಸಿನ ಮುಂದಿನ ದಿನಾಂಕ ನಾಲ್ಕು ವಾರಕ್ಕೆ. ಅವಳಿಗೆ ಮೂರು ವಾರದೊಳಗೆ ಹೆರಿಗೆಯೆಂದು ಡಾಕ್ಟರು ಹೇಳಿದ್ದರು.

ಶಿವಗಂಗಾ ಕುರ್ಚಿ ಒದ್ದು ಎದ್ದಳು. ಸೆರಗು ಸರಿಸಿ, ಕ್ಯಾಮೆರಾಕ್ಕೆ ಹೊಟ್ಟೆ ಆನಿಸಿ ನಿಂತಳು.

"ಸಾಹೇಬ್ರ, ಇಲ್ಲಿ ನೋಡ್ರೀ! ಇದರ ಮಾರಿ ನೋಡ್ರೀ! ಇದೇನ್ ಕದ್ದೈತ್ರೀ?"

"ಯಾರಿಗ್ ತೋರಿಸ್ತೀಯೇ ಲೌಡಿ? ಆವಾಗ್ಲೇ ಆಫ್ ಆಯ್ತು," ರಾಮಮ್ಮ ಅವಳ ರಟ್ಟೆ ಹಿಡಿದೆಳೆದಳು. ಅವಳು ಕದಲಲಿಲ್ಲ. ಕಪ್ಪು ಪರದೆಯ ಮುಂದೆ ಹಾಗೇ ನಿಂತಳು. ಇನ್ನಿಬ್ಬರು ಬಂದು ಎಳೆಯಬೇಕಾಯಿತು.

ಬ್ಯಾರಕ್‌ನಲ್ಲಿ ವೆಂಕಟಮ್ಮ ಜಡ್ಜಿಗೆ ಉಗಿಯತೊಡಗಿದಳು. "ಅವ್ನ ಎಂಡ್ರು ಎತ್ತಿಲ್ವಾ? ಅರ್ಜೀಲಿ ಬರ್ಕೊಟ್ರೂ ಕಣ್ ಕಾಣಾಕಿಲ್ವಾ ಬೇವರ್ಸಿಗೆ?"

ಶಿವಗಂಗಾ ನನ್ನ ಕಡೆ ತಿರುಗಿದಳು. "ಬರದಿದ್ರಿ ಅಲ್ರೀ ಅಕ್ಕಾರ?"

"ಬರ್ದಿದ್ದೆ."

ಅವಳು ನನ್ನ ಕೈ ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. "ಒದೀತೈತಿ ನೋಡ್ರೀ. ಸಿಟ್ಟ್ ಬಂದೈತಿ ಅದಕ್ಕ." ಒದೆಯುತ್ತಿತ್ತು. ಕೈ ತೆಗೆಯಬೇಕೆನಿಸಿತು, ತೆಗೆಯಲೂ ಆಗಲಿಲ್ಲ.

ಹೊಸ ಹಾಳೆ ತೆಗೆದುಕೊಂಡೆ. ಅರ್ಜಿದಾರಳು ತುಂಬು ಗರ್ಭಿಣಿ ಎಂಬುದು ಈ ಸಲ ಮೊದಲ ಸಾಲು. ಕೂಡಲೇ ಕಳಿಸಿರೆಂದು ರಾಮಮ್ಮನ ಕೈಗಿಟ್ಟೆ. "ಸೋಮವಾರ ನೋಡಣ," ಎಂದು ಜೇಬಿಗೆ ತುರುಕಿಕೊಂಡಳು.

ಹಳೆಯ ಅರ್ಜಿಯ ಪ್ರತಿ ನನ್ನ ಹಾಸಿಗೆಯಡಿ ಇತ್ತು. ಕಕ್ಕಸಿಗೆ ಹೋಗಿ ಚೂರುಚೂರು ಮಾಡಿ ಹಾಕಿ, ನೀರು ಸುರಿದೆ. ಆಚೆ ಎಲ್ಲರೂ ಸೇರಿ ಜಡ್ಜನ್ನು ಬಯ್ಯುತ್ತಿದ್ದರು. ಬಯ್ಯಲಿ. ನಾನು ಯಾರಿಗೂ ಹೇಳುವುದಿಲ್ಲ.