ಆರನೆಯ ಕಲ್ಲು

ದೀಪಾವಳಿಯ ಹಣತೆಗಳು ಇನ್ನೂ ಕಟ್ಟೆಯ ಮೇಲಿದ್ದಾಗ ಶುರುವಾದ ಹುಡುಕಾಟ, ತೊಗರಿ ಆಳೆತ್ತರ ಬೆಳೆದು ಕಾಯಿ ಕಟ್ಟಿದರೂ ಮುಗಿಯಲಿಲ್ಲ. ದಾಳಿಂಬ ಎಂಬ ಊರಿನ ಹೊಲಗಳ ಮೇಲುಗಡೆ ಒಂದು ಮಾಳವಿದೆ. ಜಾಲಿ, ಬಾರಿ, ಕವಳಿ ಕಂಟಿಗಳು ಒಂದರ ಜಡೆಯೊಳಗೆ ಒಂದು ಸಿಕ್ಕಿಕೊಂಡು ಬೆಳೆದ, ಮೇಕೆ ಕೂಡ ಅಂಜಿ ಕಾಲಿಡುವ ಮಾಳ. ಪೊಲೀಸರು ಬೆಳಿಗ್ಗೆ ಸಾಲುಗಟ್ಟಿ ಅದರೊಳಗೆ ಹೋಗುತ್ತಿದ್ದರು, ಸಂಜೆ ಪ್ಯಾಂಟಿನ ತುಂಬ ಮುಳ್ಳು ತುಂಬಿಕೊಂಡು ಬರುತ್ತಿದ್ದರು. ನಾಯಿ ತಂದರು, ನಾಯಿಯ ಪಾದದಲ್ಲಿ ಮುಳ್ಳು ಮುರಿಯಿತು. ಡ್ರೋನ್ ತಂದರು, ಅದು ದಿನವಿಡೀ ಹುಚ್ಚು ಹಿಡಿದ ದುಂಬಿಯ ಹಾಗೆ ನೆತ್ತಿಯ ಮೇಲೆ ಗುಂಯ್‌ಗುಡುತ್ತಿತ್ತು. ಅದು ಗುಂಯ್‌ಗುಟ್ಟಿದಾಗಲೆಲ್ಲ ತ್ರಿವೇಣಿಯ ಹಂಚಿನ ಮೇಲಿನ ರೊಟ್ಟಿ ಕರಕಾಗುತ್ತಿತ್ತು.

ಮಾಳದಲ್ಲಿ ಅಡಗಿದವನು ಅವಳ ಒಡಹುಟ್ಟಿದ ತಮ್ಮ, ಬಸವಕುಮಾರ. ಮಹಾರಾಷ್ಟ್ರದಲ್ಲಿ ನಿಷೇಧವಾದ ಗುಟಕಾವನ್ನು ಬೀದರ ಕಡೆಯಿಂದ ಕದ್ದು ತುಂಬಿಕೊಂಡು ಬರುತ್ತಿದ್ದ ಪಿಕಪ್ಪಿಗೆ ಅವನು ಡ್ರೈವರ್. ಉದಗೀರದ ಹೊರಗಿನ ನಾಕಾದಲ್ಲಿ ಸುನಿಲ ಎಂಬ ಜಮಾದಾರ ಅಡ್ಡ ಬಂದು ಕೈ ಮಾಡಿದ. ಗಾಡಿ ನಿಲ್ಲಲಿಲ್ಲ. ಜಮಾದಾರ ದವಾಖಾನೆ ಮುಟ್ಟುವ ಮೊದಲೇ ತೀರಿಕೊಂಡ. ಬಸವಕುಮಾರ ನಿಲಂಗಾದಾಚೆ ಗಾಡಿ ಬಿಟ್ಟು, ಹಳ್ಳ ಹಿಡಿದು, ಅಕ್ಕನ ಊರಿನ ಮಾಳ ಸೇರಿದ. ಆದರೆ ಅಕ್ಕನ ಮನೆಯ ಕಡೆ ಮಾತ್ರ ಸುಳಿಯಲಿಲ್ಲ.

ಮೊದಲ ವಾರವೇ ಠಾಣೆಯ ದೊಡ್ಡ ಸಾಹೇಬರು ಬಾಗಿಲಲ್ಲಿ ನಿಂತು ನಗುತ್ತ ಹೇಳಿ ಹೋಗಿದ್ದರು: "ಜೀವಂತ ಸಿಕ್ಕರೂ ಸರಿ, ಹೆಣ ಸಿಕ್ಕರೂ ಸರಿ. ನಮಗ ಎರಡೂ ನಡೀತದ." ಆ ನಗು ತ್ರಿವೇಣಿಯ ಎದೆಯಲ್ಲಿ ಕವಳಿ ಮುಳ್ಳಿನಂತೆ ಕೂತಿತ್ತು. ತಮ್ಮ ಸಿಗಬಾರದೆಂದು ಅವಳು ಹರಕೆ ಹೊರಲಿಲ್ಲ. ತಪ್ಪು ಮಾಡಿದ್ದಾನೆ, ಸಿಗಲಿ. ಆದರೆ ಹತ್ತು ಜನರ ಕಣ್ಣೆದುರು ಸಿಗಲಿ. ಯಾರೂ ಇಲ್ಲದ ಕಂಟಿಯೊಳಗೆ ಸಿಕ್ಕರೆ ಏನಾಗುತ್ತದೆಂದು ಹೇಳಲು ಕಂಟಿಗೆ ಬಾಯಿಲ್ಲ.

ಅವಳ ಅಂಗಳದ ಬೇವಿನ ಕೆಳಗೆ ಕಾವಲಿಗೆ ಕೂತವನು ಉದಗೀರ ಠಾಣೆಯ ಗುರುಶಾಂತ. ಕನ್ನಡದವನು. ಬಂದೂಕನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಮೊಬೈಲಿನಲ್ಲಿ ಒಂದೇ ಫೋಟೋ ಮತ್ತೆ ಮತ್ತೆ ನೋಡುತ್ತಿದ್ದ. ಹಳ್ಳದ ಕೆಸರಿನಲ್ಲಿ ಮೂಡಿದ್ದ ಎಡಗಾಲ ಹೆಜ್ಜೆ ಅದು. ಹೆಬ್ಬೆರಳ ಮೇಲೆ ಪಕ್ಕದ ಬೆರಳು ಏರಿ ಕುಳಿತಿತ್ತು. ಎಲ್ಲ ಪೊಲೀಸರ ಮೊಬೈಲಿನಲ್ಲೂ ಆ ಹೆಜ್ಜೆಯಿತ್ತು. ತ್ರಿವೇಣಿಗೆ ಅದನ್ನು ಯಾರೂ ತೋರಿಸಬೇಕಿರಲಿಲ್ಲ. ಚಿಕ್ಕಂದಿನಲ್ಲಿ ಆ ಬೆರಳನ್ನು ಜಗ್ಗಿ ಜಗ್ಗಿ ಅವನನ್ನು ಅಳಿಸಿದವಳು ಅವಳೇ.

"ಅಕ್ಕಾ, ಚಾದಾಗ ಉಪ್ಪು ಹಾಕೀರಿ," ಎಂದ ಗುರುಶಾಂತ ಒಂದು ಬೆಳಿಗ್ಗೆ.

"ತರ್ರಿ ಇಲ್ಲಿ, ಬ್ಯಾರೆ ಮಾಡಿ ಕೊಡ್ತೀನಿ."

"ಇರ್ಲಿ ಬಿಡ್ರಿ. ಆದ್ರ ನಿಮ್ಮ ಮನಿ ಉಪ್ಪು ತಿಂದವ ಆದೆ ನೋಡ್ರಿ ನಾ. ಸಾಹೇಬ್ರಿಗೆ ಹೇಳಬ್ಯಾಡ್ರಿ."

ಒಳಗಿನಿಂದ ಅತ್ತೆ ವಿಮಲಾಬಾಯಿ ಗೊಣಗಿದಳು: "ಸೊಸಿ ತಮ್ಮ ಮಾಳದಾಗ, ಪೊಲೀಸ ಅಂಗಳದಾಗ. ನನ್ನ ಮನಿ ಏನು ಎಸ್‌ಟಿ ಬಸ್ ಸ್ಟ್ಯಾಂಡಾ?"

ಹೀಗಿರುವಾಗ ಎಳ್ಳಮಾವಾಸ್ಯೆ ಬಂತು. ಉಮರ್ಗಾ, ನಿಲಂಗಾ, ಉದಗೀರ, ಮೂರೂ ಕಡೆ ಆ ದಿನ ಅಂಗಡಿ ತೆರೆಯುವುದಿಲ್ಲ. ಊರಿಗೆ ಊರೇ ಹೊಲದಲ್ಲಿ ಉಣ್ಣುತ್ತದೆ. ಮಾಳದ ಮಗ್ಗುಲಿನ ಹೊಲಗಳಿಗೆ ಈ ವರ್ಷ ಯಾರೂ ಹೋಗಬಾರದೆಂದು ದೊಡ್ಡ ಸಾಹೇಬರು ಹುಕುಂ ಹೊರಡಿಸಿ ನೋಡಿದರು. "ಸಾಹೇಬ್ರ, ಅಮಾಸಿ ದಿನ ಊರಾಗ ಇರ್ರಿ ಅಂದ್ರ ದೆವ್ವನೂ ಕೇಳಂಗಿಲ್ರಿ," ಎಂದು ಊರ ಹಿರಿಯರು ನಕ್ಕರು. ಕೊನೆಗೆ ಸಾಹೇಬರು ಮಾಳದ ಅಂಚಿನ ಹೊಲಕ್ಕೊಬ್ಬ ಪೊಲೀಸನನ್ನು ಕೂರಿಸಿ, ತಾವು ಜೀಪು ತೆಗೆದುಕೊಂಡು ಡಾಂಬರು ರಸ್ತೆಯಲ್ಲಿ ನಿಲ್ಲುವುದೆಂದು ತೀರ್ಮಾನವಾಯಿತು.

ಹಿಂದಿನ ದಿನ ಮಧ್ಯಾಹ್ನ ತ್ರಿವೇಣಿ ಹೊಲದಲ್ಲಿ ಜೋಳದ ಕಣಿಕೆಯಿಂದ ಕಟ್ಟುವ ಕೊಂಪೆಯೊಳಗೆ ಇಡುವ ಪಾಂಡವರಿಗೆ ಸುಣ್ಣ ಹಚ್ಚುತ್ತಿದ್ದಳು. ಹಳ್ಳದಿಂದ ಆರಿಸಿ ತಂದ ನುಣ್ಣನೆಯ ಕಲ್ಲುಗಳು. ಐದು ಹಚ್ಚಿ ಮುಗಿಸಿ ಆರನೆಯದನ್ನು ಕೈಗೆತ್ತಿಕೊಂಡಾಗ ಅತ್ತೆಯ ಕಣ್ಣು ಬಿತ್ತು.

"ಪಾಂಡವ ಪಾಚ್. ಹಾ ಸಹಾವಾ ಕುಠೂನ್ ಆಲಾ? ಐದ ಮಂದಿ ಪಾಂಡವರೊಳಗ ಈ ಆರನೇದಾಂವ ಯಾಂವ?"

"ಕಳ್ಳರಿ, ಅತ್ತಿ. ನಮ್ಮ ತವರ್‌ಮನ್ಯಾಗ ಕಳ್ಳಗೂ ಒಂದು ಇಡ್ತಾರ. ಹಿಂದ, ಬದುವಿನ ಮ್ಯಾಲ."

"ಇಷ್ಟ ವರ್ಷ ಇಟ್ಟಿಲ್ಲಲ್ಲ?"

"ಇಷ್ಟ ವರ್ಷ ನೆನಪಾಗಿಲ್ರಿ."

ತವರಿನಲ್ಲಿ ಮಾಳಮ್ಮಜ್ಜಿ ಆ ಕತೆಯನ್ನು ಪ್ರತಿ ಅಮಾವಾಸ್ಯೆಗೆ, ಕೊಂಪೆಯ ನೆರಳಲ್ಲಿ ಮೊಮ್ಮಕ್ಕಳಿಬ್ಬರನ್ನೂ ಮಗ್ಗುಲಿಗೆ ಕೂರಿಸಿಕೊಂಡು ಹೇಳುತ್ತಿದ್ದಳು. ಪಾಂಡವರು ರಾಜ್ಯ ಕಳೆದುಕೊಂಡು, ಹೆಸರು ಮುಚ್ಚಿಟ್ಟು, ಹೊಲ ಹೊಲ ಅಡಗಿ ತಿರುಗುತ್ತಿದ್ದ ಕಾಲವಂತೆ. ಹಿಂದೆ ಬೇಹಿನವರು. ಒಂದು ಅಮಾವಾಸ್ಯೆ ಒಬ್ಬ ಒಕ್ಕಲಗಿತ್ತಿಯ ತೊಗರಿಯಲ್ಲಿ ಬಂದು ಕೂತರು. ಅದೇ ತೊಗರಿಯಲ್ಲಿ ಒಬ್ಬ ಕಳ್ಳನೂ ಅಡಗಿದ್ದ. ಒಕ್ಕಲಗಿತ್ತಿ ಬುಟ್ಟಿ ಇಳಿಸಿ ನೋಡುತ್ತಾಳೆ, ಆರು ಜೋಡಿ ಕಣ್ಣು. ಆರೂ ಒಂದೇ ನಮೂನೆ ಬೆದರಿದ ಕಣ್ಣು. ಇವರಲ್ಲಿ ಧರ್ಮರಾಯ ಯಾರು, ಕಳ್ಳ ಯಾರು? "ಅಡಗಿದವರ ಮಾರಿ ಎಲ್ಲಾ ಒಂದ ಬಣ್ಣ ಆಗಿರ್ತದವಾ," ಎನ್ನುತ್ತಿದ್ದಳು ಅಜ್ಜಿ. "ಆಕಿ ಹೆಸರ ಕೇಳಲಿಲ್ಲ. ಆರು ಎಲಿ ಹಾಕಿದಳು." ಕತೆ ಮುಗಿದ ಮೇಲೆ ಬದುವಿನ ಕಲ್ಲಿಗೆ ಎಡೆ ಒಯ್ಯುವ ಕೆಲಸ ಯಾವಾಗಲೂ ಬಸವಕುಮಾರನದು. ದಾರಿಯಲ್ಲಿ ಅರ್ಧ ತಾನೇ ತಿಂದು, ಕಳ್ಳನಿಗೆ ಅರ್ಧ ಇಟ್ಟು ಬರುತ್ತಿದ್ದ.

ವಿಮಲಾಬಾಯಿ ಒಂದು ಗಳಿಗೆ ಮಾಳದ ಕಡೆ ನೋಡಿದಳು. ಆಮೇಲೆ ಸುಣ್ಣದ ಬಟ್ಟಲನ್ನು ಸೊಸೆಯ ಕಡೆ ತಳ್ಳಿದಳು.

"ದಪ್ಪ ಹಚ್ಚು. ದೂರಕ್ಕ ಕಾಣಬೇಕು."

ಹೊತ್ತು ಇಳಿಯುವ ಮುಂಚೆ ತ್ರಿವೇಣಿ ಆ ಕಲ್ಲನ್ನು ಹೊಲದ ತುದಿಯ ಬದುವಿನ ಮೇಲೆ, ತೊಗರಿಯ ಅಂಚಿಗೆ ಇಟ್ಟು, ಮುಂದೆ ಮುತ್ತುಗದ ಎಲೆಯ ಮೇಲೆ ಎರಡು ಸಜ್ಜೆ ಉಂಡಿ, ಒಂದು ತುಂಡು ಬೆಲ್ಲ ಇಟ್ಟು ಬಂದಳು. ಮರುದಿನ ನಸುಕಿನಲ್ಲಿ ಬುಟ್ಟಿ ಹೊತ್ತು ಎಲ್ಲರಿಗಿಂತ ಮೊದಲು ಹೋಗಿ ನೋಡಿದರೆ ಉಂಡಿ ಇರಲಿಲ್ಲ. ನಾಯಿ ತಿಂದಿದ್ದರೆ ಎಲೆ ಹರಿಯುತ್ತಿತ್ತು. ಎಲೆ ಎರಡು ಮಡಿಕೆಯಾಗಿ ಕಲ್ಲಿನ ಕೆಳಗಿತ್ತು. "ಉಂಡ ಎಲಿ ತನ್ನ ಕಡಿ ಮಡಚಿ ಏಳಬೇಕು, ಅಂದ್ರ ಮತ್ತ ಉಣ್ಣಾಕ ಬರ್ತಾನ," ಎಂದು ಅಜ್ಜಿ ಇಬ್ಬರಿಗೂ ತಲೆಗೆ ಮೊಟಕಿ ಕಲಿಸಿದ್ದಳು. ತ್ರಿವೇಣಿ ಮಿಸುಕಾಡದೆ ನಿಂತ ತೊಗರಿಯನ್ನು ನೋಡಿದಳು. ಹೆಸರು ಹಿಡಿದು ಕೂಗುವ ಬದಲು ಆ ಎಲೆಯನ್ನು ಬುಟ್ಟಿಯ ತಳಕ್ಕೆ ಸೇರಿಸಿದಳು. ಮೇಲೆ ದುಂಬಿ ಗುಂಯ್‌ಗುಡಲು ಶುರುಮಾಡಿತ್ತು.

ಗಂಡ ಧನರಾಜ ಎತ್ತಿನ ಕೊರಳಿಗೆ ಗೆಜ್ಜೆ ಕಟ್ಟುತ್ತಿದ್ದ. ಅವಳು ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಹೇಳಿದಳು: "ಅಂಬಲಿ ಚೆಲ್ಲಾಕ ಹೋದಾಗ, ತೊಗರಿ ಮೂಲ್ಯಾಗ ಕಂಬಳಿ ಅವಗ ಕೊಟ್ಟು, ನೀವು ತಡೆದು ಬರ್ರಿ."

ಧನರಾಜನ ಕೈ ನಿಂತಿತು. "ನಿನ್ನ ತಮ್ಮನ ಸಲುವಾಗಿ ಠಾಣ್ಯಾದಾಗ ಒಂದು ಕಪಾಳಕ್ಕ ಹೊಡಿಸ್ಕೊಂಡೀನಿ."

"ಗೊತ್ತದರಿ."

"ಇನ್ನೊಂದು ಕಪಾಳ ಉಳದದಂತ ಕೇಳಾಕತ್ತಿಯೇನು?"

ಅವನು ಗೆಜ್ಜೆಯ ಗಂಟು ಬಿಚ್ಚಿ ಮತ್ತೆ ಕಟ್ಟಿದ.

ಸೂರ್ಯ ನೆತ್ತಿಗೆ ಬಂದಾಗ ಕಣ್ಣು ಹಾಯುವವರೆಗೆ ಕೊಂಪೆಗಳು, ಹೊಗೆ, ಹಸಿರು ಸೀರೆಗಳು. ಗುರುಶಾಂತ ಇವರ ಹೊಲಕ್ಕೆ ಬರುವಷ್ಟರಲ್ಲಿ ದಾರಿಯ ಹೊಲಗಳವರು ಅವನನ್ನು ಎಳೆದೆಳೆದು ಕೂರಿಸಿ ಉಣಿಸಿದ್ದರು. ಆದರೂ ವಿಮಲಾಬಾಯಿ ಬಿಡಲಿಲ್ಲ. ಪಂಕ್ತಿಯ ತುದಿಗೆ ಕೂರಿಸಿ ಕಾಳು, ಸೊಪ್ಪು ಕೂಡಿಸಿ ಕುದಿಸಿದ ಬಜ್ಜಿ, ರೊಟ್ಟಿ, ಶೇಂಗಾ ಹೋಳಿಗೆ ಬಡಿಸಿ ಅಂಬಲಿಯ ಬಟ್ಟಲು ಕೈಗಿಟ್ಟಳು.

"ಬಾಯೀ, ಸಾಕ್ರಿ. ಕಳ್ಳ ಎದುರಿಗೆ ಬಂದ್ರೂ ಓಡಾಕ ಆಗಂಗಿಲ್ಲ ನನಗ."

"ಕುಡಿಯಪಾ. ಓಡೂ ಕೆಲಸ ಕಳ್ಳಂದು."

ಧನರಾಜ ತಲೆಯ ಮೇಲೆ ಕಂಬಳಿ ಹೊದ್ದು, ಅಂಬಲಿಯ ಚಂಬು ಬಗಲಿಗೆ ಹಿಡಿದು ಹೊಲ ಸುತ್ತಲು ಹೊರಟ. ಬೇವಿನ ತೊಪ್ಪಲಿನಿಂದ ಪೈರಿಗೆ ಅಂಬಲಿ ಚಿಮುಕಿಸುತ್ತ ಅವನು "ಹುಲಗ್ಯೋ ಹುಲಗ್ಯೋ" ಎಂದು ಕೂಗಿದರೆ ಕೊಂಪೆಯ ಕಡೆಯವರು "ಸಾಲಂ ಪೊಲಗ್ಯೋ" ಎನ್ನಬೇಕು. ಮರಾಠಿಯವರು ಅದನ್ನು ಕನ್ನಡವೆನ್ನುತ್ತಾರೆ, ಕನ್ನಡದವರು ಮರಾಠಿಯೆನ್ನುತ್ತಾರೆ. ಅರ್ಥ ಮಾತ್ರ ಯಾರಿಗೂ ಗೊತ್ತಿಲ್ಲ. ಕೂಗು ಜೋಳ ದಾಟಿತು, ಕಡಲೆ ದಾಟಿತು, ತೊಗರಿಯ ಒಳಗೆ ಹೋಯಿತು.

ನಿಂತಿತು.

ತ್ರಿವೇಣಿ ಬಡಿಸುತ್ತಿದ್ದ ಸೌಟು ಖಾಲಿಯೆಂದು ಅವಳಿಗೆ ತಿಳಿಯಲಿಲ್ಲ. ಡ್ರೋನ್ ಸರಿಯಾಗಿ ತೊಗರಿಯ ಮೇಲೆಯೇ ಬಂದು, ಒಂದು ಸುತ್ತು ಹಾಕಿ ಮುಂದೆ ಹೋಯಿತು. ಕಂಬಳಿ ಒಳಗೆ ಹೋದದ್ದನ್ನು ಅದು ಕಂಡಿತ್ತು. ಈಗ ಕಂಬಳಿ ಹೊರಗೆ ಬಂತು.

"ಹುಲಗ್ಯೋ..." ದನಿ ಒಡೆದಿತ್ತು. ಬಹಳ ದಿನ ಮಾತಾಡದವನ ದನಿ. ಕೊಂಪೆಯ ಕಡೆಯಿಂದ ವಿಮಲಾಬಾಯಿ ಒಬ್ಬಳೇ, ಎತ್ತರದ ದನಿಯಲ್ಲಿ, "ಸಾಲಂ ಪೊಲಗ್ಯೋ" ಎಂದಳು.

ಕಂಬಳಿ ಹತ್ತಿರ ಬಂದು ನಿಂತಿತು. ಕಂಬಳಿಯ ಕೆಳಗೆ ಎರಡು ಬರಿಗಾಲು, ಮುಳ್ಳು ಗೀರಿ ಗೀರಿ ಕಪ್ಪಾದವು. ಎಡಗಾಲ ಹೆಬ್ಬೆರಳ ಮೇಲೆ ಪಕ್ಕದ ಬೆರಳು ಏರಿ ಕುಳಿತಿತ್ತು. ಗುರುಶಾಂತನ ಅಂಬಲಿಯ ಬಟ್ಟಲು ತುಟಿಯ ಹತ್ತಿರ ನಿಂತಿತು. ಅವನು ಬಟ್ಟಲನ್ನು ನಿಧಾನಕ್ಕೆ ನೆಲಕ್ಕಿಟ್ಟು ಬಂದೂಕಿನ ಮೇಲೆ ಕೈಯಿಟ್ಟ.

ವಿಮಲಾಬಾಯಿ ಇಬ್ಬರ ನಡುವೆ ಬಂದು ಗುರುಶಾಂತನ ಮಗ್ಗುಲಿಗೇ ಇನ್ನೊಂದು ಎಲೆ ಹಾಕಿದಳು. "ಇವತ್ತ ಹೊಲಕ್ಕ ಬಂದವರಿಗಿ ಹೆಸರ ಕೇಳಂಗಿಲ್ಲ. ನಿನಗೂ ಕೇಳಿಲ್ಲ, ಜಮಾದಾರಾ. ಕೂಡಪಾ, ಕೂಡು."

ಬಸವಕುಮಾರ ಕೂತ. ಕಂಬಳಿ ಜಾರಿತು. ಗಡ್ಡದೊಳಗೆ ಕೆನ್ನೆಯೇ ಉಳಿದಿರಲಿಲ್ಲ. ತ್ರಿವೇಣಿ ಬಜ್ಜಿ ಬಡಿಸಿದಳು. ಗುರುಶಾಂತನ ಬೆರಳುಗಳು ಬಂದೂಕಿನ ಮೇಲೆ ಬಿಗಿದವು, ಸಡಿಲಾದವು, ಮತ್ತೆ ಬಿಗಿದವು. ಅವನು ಯಾರ ಕಡೆಯೂ ನೋಡದೆ ಅಂದ: "ಉಣ್ಲಿ."

ಬಸವಕುಮಾರ ಮೂರು ತುತ್ತು ಉಂಡಿರಬೇಕು.

"ಸುನಿಲ, ನಾ, ಒಂದ ಸಲ ಪೊಲೀಸ ಭರ್ತಿ ಆದವ್ರು," ಎಂದ ಗುರುಶಾಂತ. "ಪ್ರತಿ ಅಮಾಸಿಗಿ ಹೊಟ್ಟಿನೋವು ಅಂತ ಸುಳ್ಳು ಹೇಳಿ ಹೊಲಕ್ಕ ಓಡ್ತಿದ್ದ. ಖರೇನ ಹೊಟ್ಟಿನೋವು ಬರೂ ಹಂಗ ಉಂಡು ಬರ್ತಿದ್ದ, ಮಗ. ಈ ಸಲ ಅವರ ಹೊಲದಾಗ ಕೊಂಪಿ ಹಾಕಿಲ್ಲ."

ಬಸವಕುಮಾರನ ಕೈ ಎಲೆಯ ಮೇಲೆಯೇ ನಿಂತಿತು.

"ಅವರು ಕೈ ಮಾಡಿದ್ದು ನಾ ನೋಡಿದ್ದೆರಿ," ಎಂದ. "ನಿಲ್ಲಬೇಕು ಅಂತ ಮನಸಿನ್ಯಾಗ ಬಂತು. ಕಾಲ ಬ್ರೇಕಿನ ಮ್ಯಾಲ ಹೋಗಲಿಲ್ಲ. ಹೋಗಲಿಲ್ರಿ."

"ಇದು ನನ್ನ ಮುಂದ ಹೇಳಬ್ಯಾಡ. ಉದಗೀರ ಕೋರ್ಟನ್ಯಾಗ ಹೇಳು."

ಕೋರ್ಟು. ಆ ಒಂದು ಮಾತಿಗಾಗಿ ತ್ರಿವೇಣಿ ದೀಪಾವಳಿಯಿಂದ ಕಾದಿದ್ದಳು. ಸತ್ತವರನ್ನು ಯಾರೂ ಕೋರ್ಟಿಗೆ ಕರೆದೊಯ್ಯುವುದಿಲ್ಲ. ಆದರೆ ಗುರುಶಾಂತ ಎದ್ದು ಮಾಳದ ಅಂಚಿನ ಕಾಲುದಾರಿಯ ಕಡೆ ಕೈ ತೋರಿಸಿದಾಗ ಅವಳು ಸೌಟು ಕೆಳಗಿಟ್ಟು ಅಡ್ಡ ಬಂದಳು.

"ಈ ದಾರಿ ಹತ್ರ. ರೋಡಿಗಿ ಮುಟ್ಟತೀವಿ."

"ಅಲ್ಲಿ ಯಾರೂ ಇರಂಗಿಲ್ರಿ, ಅಣ್ಣಾ. ಹೊಲದಾಗ ಹಾಯ್ದು ಹೋಗೋಣ್ರಿ."

"ಸುತ್ತಾಗ್ತದ, ಅಕ್ಕಾ."

"ಆಗ್ಲಿರಿ." ಅವಳು ತಮ್ಮನ ಎರಡೂ ಮಣಿಕಟ್ಟು ಹಿಡಿದು ಮುಂದೆ ಚಾಚಿದಳು. "ಬೇಡಿ ಹಾಕ್ರಿ. ಕಂಬಳಿ ಹೊರಗ, ಎಲ್ಲರಿಗೂ ಕಾಣೂ ಹಂಗ ಹಾಕ್ರಿ. ಓಡಾಕ ಹತ್ತಿದ್ದ ಅಂತ ನಾಳಿ ಯಾರೂ ಅನಬಾರ್ದು."

ಗುರುಶಾಂತ ಅವಳ ಮುಖ ನೋಡಿದ. ರಸ್ತೆಯ ಕಡೆ, ಜೀಪಿನ ಕಡೆ ನೋಡಿದ. ಆಮೇಲೆ ಬೇಡಿ ತೆಗೆದ. ಅಷ್ಟರಲ್ಲಿ ತೊಗರಿಯಿಂದ ಧನರಾಜ ಖಾಲಿ ಚಂಬು ಹಿಡಿದು, ಹೊರಕಡೆಗೆ ಹೋಗಿ ಬಂದವನಂತೆ ನಡೆದು ಬಂದ.

"ಒಂದು ಧನರಾಜ ಒಳಗ ಹೋಗಿ ಎರಡು ಹೊರಗ ಬಂದ್ವಲ್ಲ," ಎಂದ ಗುರುಶಾಂತ. "ನಿಮ್ಮ ಹೊಲದ ಬೆಳಿ ಚಲೋ ಅದ." ಧನರಾಜನ ಕೈ ತಾನಾಗಿ ಕೆನ್ನೆಗೆ ಹೋಯಿತು. ಗುರುಶಾಂತ ಆಗಲೇ ನಡೆಯಲು ಶುರುಮಾಡಿದ್ದ.

ತ್ರಿವೇಣಿ ಮುಂದೆ, ಉಂಡಿಯ ಬುಟ್ಟಿ ಸೊಂಟಕ್ಕೆ, ಹಿಂದೆ ಬಸವಕುಮಾರ, ಅವನ ಹಿಂದೆ ಬಂದೂಕು. ಮೊದಲನೆಯ ಹೊಲದಿಂದ ರೂಢಿಯ ಕೂಗು ಬಂತು: "ಬರ್ರಿ, ಉಂಡು ಹೋಗ್ರಿ." ಕೂಗಿದವರಿಗೆ ಆಮೇಲೆ ಬೇಡಿ ಕಂಡಿತು, ಮಾತು ಅಲ್ಲೇ ನಿಂತಿತು. ಎರಡನೆಯ ಹೊಲದಲ್ಲೂ ಹಾಗೆಯೇ. ಎಷ್ಟು ಅಮಾವಾಸ್ಯೆಗಳ ಅಭ್ಯಾಸವೋ, ಕಣ್ಣಿಗಿಂತ ಮೊದಲು ಬಾಯಿ ಕರೆಯುತ್ತಿತ್ತು. ದೀಪಾವಳಿಯಿಂದ ನಾಯಿ, ಬಂದೂಕು, ದುಂಬಿಗಳಷ್ಟೇ ಹುಡುಕಿದ್ದವನನ್ನು ಹೊಲ ಹೊಲವೂ ಊಟಕ್ಕೆ ಕರೆಯಿತು. ಅವನು ತಲೆ ತಗ್ಗಿಸಿಯೇ ನಡೆದ. ಕೊನೆಯ ಹೊಲದ ಅಂಜನಾಬಾಯಿ ಮುದುಕಿ ಮಾತ್ರ ಮಾತು ನಿಲ್ಲಿಸಲಿಲ್ಲ. ಎದ್ದು ಬಂದು ಬೇಡಿಯ ಕೈಗೊಂದು ಉಂಡಿ, ಬಂದೂಕಿನ ಕೈಗೊಂದು ಉಂಡಿ ಇಟ್ಟಳು.

"ಬೇಡಿ ಹಾಕಿದ್ರೇನು, ಹೊಟ್ಟಿಗೆ ಕೀಲಿ ಹಾಕ್ಯಾರೇನು? ತಿನ್ನು."

ರಸ್ತೆ ಮುಟ್ಟುವಷ್ಟರಲ್ಲಿ ಹಿಂದೆ ಜನ ಕೂಡಿತ್ತು. ಎಂಜಲ ಕೈಯನ್ನೂ ತೊಳೆಯದೆ ಎದ್ದು ಬಂದವರು, ಕಂಕುಳಲ್ಲಿ ಕೂಸುಗಳು. ದೊಡ್ಡ ಸಾಹೇಬರು ಜೀಪಿಗೆ ಒರಗಿದ್ದವರು ನೆಟ್ಟಗಾದರು. ಸೊಂಟದ ಪಿಸ್ತೂಲಿಗೆ ಹೋದ ಕೈ ಅಲ್ಲೇ ಸ್ವಲ್ಪ ಹೊತ್ತು ಇತ್ತು. ಅವರು ಬಸವಕುಮಾರನನ್ನು ನೋಡಿದರು, ಬೇಡಿ ನೋಡಿದರು, ಅವನ ಹಿಂದಿನ ಅಷ್ಟೂ ಕಣ್ಣುಗಳನ್ನು ನೋಡಿದರು.

"ತಾನಾಗೆ ಬಂದಾನ್ರಿ, ಸರ್," ಎಂದ ಗುರುಶಾಂತ, ಗಟ್ಟಿಯಾಗಿ, ಮರಾಠಿಯಲ್ಲಿ ಒಮ್ಮೆ, ಕನ್ನಡದಲ್ಲಿ ಇನ್ನೊಮ್ಮೆ.

ಜೀಪಿನ ಹಿಂಬಾಗಿಲು ತೆರೆಯಿತು. ಹತ್ತುವ ಮುಂಚೆ ಬಸವಕುಮಾರ ತಿರುಗಿದ.

"ಅಕ್ಕಾ, ಎಲಿ ಮಡಚಿಲ್ಲ ನಾ."

ಅವಳು ಮರಳಿ ಬಂದಾಗ ಬಿಸಿಲು ಹಳದಿಯಾಗಿತ್ತು. ಡ್ರೋನ್ ಇಳಿದಿತ್ತು, ಕಿವಿಗೆ ಆ ಮೌನ ಹೊಂದುತ್ತಿರಲಿಲ್ಲ, ಅವಳು ಎರಡು ಸಲ ತಲೆಯೆತ್ತಿ ನೋಡಿದಳು. ಪಂಕ್ತಿಯ ಎಲೆಗಳನ್ನೆಲ್ಲ ಎತ್ತಿ ಆಗಿತ್ತು. ಒಂದನ್ನು ಮಾತ್ರ ಅತ್ತೆ ಮುಟ್ಟಿರಲಿಲ್ಲ. ಅರ್ಧ ರೊಟ್ಟಿ, ಆರಿದ ಬಜ್ಜಿ, ಇರುವೆಯ ಸಾಲು. ತ್ರಿವೇಣಿ ಅವನು ಕೂತಿದ್ದ ಜಾಗದಲ್ಲೇ ಕೂತು, ಇರುವೆಗಳನ್ನು ಊದಿ, ಎಲೆಯನ್ನು ತನ್ನ ಕಡೆಗೆ ಮಡಚಿದಳು.